ಯಕ್ಷನಿಲ್ಲದ ಮೇಘಸಂದೇಶ

ಪರದೇಶಗಳನ್ನು ಒಬ್ಬಂಟಿಗನಾಗಿ ಸುತ್ತಿಬಂದವನೊಬ್ಬನು ಬರೆದ ಪ್ರವಾಸಗ್ರಂಥವನ್ನು ಕೈಗೆತ್ತಿಕೊಂಡಾಗ ವಾಚಕನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು: ಇವನ ಮಾತಿಗೆ ಪ್ರಮಾಣವೇನು? ನಾಲ್ವರು ಕೂಡಿ ಹೋದಲ್ಲಿ ಒಬ್ಬನು ತಪ್ಪಿ ನುಡಿದರೆ ಮಿಕ್ಕವರು ತಿದ್ದಿಯಾರು. ಒಬ್ಬನೇ ಹೋದವನನ್ನು ತಿದ್ದುವವರಿಲ್ಲ. ಅವನು ಕಂಡ ಊರನ್ನು ನಾವು ಕಂಡಿಲ್ಲ; ಅವನೊಡನೆ ಮಾತನಾಡಿದವರು ಅವನ ಪುಸ್ತಕವನ್ನು ಓದುವುದೂ ಅಪರೂಪ. ನಮ್ಮ ನೈಯಾಯಿಕರು ಶಬ್ದಪ್ರಮಾಣವನ್ನು ವಿಚಾರಿಸುವಾಗ ಆಪ್ತನಿಗೆ ಎರಡು ಲಕ್ಷಣಗಳನ್ನು ಹೇಳಿದ್ದಾರೆ. ವಿಷಯವನ್ನು ಅವನು ತಾನೇ ಸಾಕ್ಷಾತ್ತಾಗಿ ಅರಿತಿರಬೇಕು. ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯೂ ಅವನಿಗೆ ಇರಬೇಕು. ಮೊದಲನೆಯದು ಇದ್ದು ಎರಡನೆಯದು ಇಲ್ಲದಿದ್ದರೆ ಅವನನ್ನು ನೋಡಿಬಂದವನೆನ್ನಬಹುದು, ಆಪ್ತನೆನ್ನಲಾಗದು.

ಈ ವಿಚಾರವನ್ನು ಇಲ್ಲಿ ಎತ್ತುವುದಕ್ಕೆ ಕಾರಣ, ಅಮೆರಿಕದ ಗ್ರಂಥಕರ್ತರಾದ ಪಾಲ್ ಥೆರೂ ಅವರ ಎರಡು ಪುಸ್ತಕಗಳು. ಒಂದು 1975ರಲ್ಲಿ ಪ್ರಕಟವಾದ ‘ದಿ ಗ್ರೇಟ್ ರೈಲ್ವೇ ಬಜಾರ್’. ಮತ್ತೊಂದು 2008ರ ‘ಘೋಸ್ಟ್ ಟ್ರೇನ್ ಟು ದಿ ಈಸ್ಟರ್ನ್ ಸ್ಟಾರ್’. ಮೊದಲನೆಯದನ್ನು ನಾನು ಬಹುಕಾಲ ಮೆಚ್ಚಿಕೊಂಡಿದ್ದೆನು. ಮೇಲಿನ ತರಗತಿಯ ಹುಡುಗರಿಗೆ ಓದಿರೆಂದು ಕೊಟ್ಟೂ ಇದ್ದೆನು. ಎರಡನೆಯದನ್ನು ಓದಿದ ಮೇಲೆ ಆ ಮೆಚ್ಚಿಕೆಯನ್ನು ಮತ್ತೊಮ್ಮೆ ತೂಗಿನೋಡಬೇಕಾಗಿ ಬಂದಿತು. ಆ ತೂಕದ ಲೆಕ್ಕವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲ ಪುಸ್ತಕದ ಸಾರ ಇಷ್ಟು. 1973ರಲ್ಲಿ ಥೆರೂ ಅವರು ಲಂಡನ್ನಿನಿಂದ ಒಬ್ಬರೇ ಹೊರಟರು. ಆಗ ಅವರ ವಯಸ್ಸು ಮೂವತ್ತೆರಡು. ಸಾಧ್ಯವಾದಷ್ಟೂ ರೈಲಿನಲ್ಲಿಯೇ ಏಷ್ಯಾಖಂಡವನ್ನು ಸುತ್ತಿ ರೈಲಿನಲ್ಲಿಯೇ ಹಿಂದಿರುಗಬೇಕೆಂಬುದು ಅವರ ಸಂಕಲ್ಪ. ಪ್ಯಾರಿಸ್, ಇಸ್ತಾಂಬೂಲ್, ಟೆಹರಾನ್, ಲಾಹೋರ್, ದೆಹಲಿ, ಮದರಾಸು, ಕೊಲಂಬೊ, ಕಲಕತ್ತಾ, ರಂಗೂನ್, ಬ್ಯಾಂಕಾಕ್, ಸಿಂಗಪುರ, ಟೋಕಿಯೋ, ಕಡೆಗೆ ಸೈಬೀರಿಯದ ಹಿಮದ ಬಯಲು, ಇದು ಅವರ ಹಾದಿ. ಭೂಮಿ ಮುಗಿದಲ್ಲಿ ಹಡಗು. ಇಂಗ್ಲೆಂಡಿನ ಫೋಕ್‌ಸ್ಟನ್ನಿನಿಂದ ಫ್ರಾನ್ಸಿನ ಕ್ಯಾಲೆಗೆ, ರಾಮೇಶ್ವರದಿಂದ ಸಿಂಹಳದ ತಲೈಮನ್ನಾರಿಗೆ, ಜಪಾನಿನ ಮುಖ್ಯದ್ವೀಪದ ಅವೋಮೋರಿಯಿಂದ ಉತ್ತರದ್ವೀಪದ ಹಕೋದಾತೆಗೆ, ಯೊಕೊಹಾಮಾದಿಂದ ರಷ್ಯದ ನಖೋದ್ಕಾ ರೇವಿಗೆ ಅವರು ಕಡಲು ದಾಟಿದರು. ಗಾಡಿಯಿಂದಿಳಿದವನು ಹಡಗನ್ನು ಹತ್ತಿ, ಹಡಗಿನಿಂದಿಳಿದವನು ಮತ್ತೆ ಗಾಡಿಗಾಗಿ ಕಾಯುವ ಈ ಕ್ರಮದಲ್ಲಿಯೇ ಪುಸ್ತಕದ ಲಯವಿದೆ.

ಇದರ ಗುಣಗಳನ್ನು ಮೊದಲು ಹೇಳುವುದು ನ್ಯಾಯ. ಪ್ರವಾಸಗ್ರಂಥವೆಂದರೆ ದೇವಾಲಯಗಳ ಎತ್ತರವನ್ನೂ ಅರಮನೆಗಳ ಕೋಣೆಗಳನ್ನೂ ಎಣಿಸಿ ಒಪ್ಪಿಸುವ ಪಟ್ಟಿಯೆಂಬ ಭಾವನೆ ಎಲ್ಲೆಡೆಯಲ್ಲಿಯೂ ಇದೆ. ಥೆರೂ ಅವರು ಆ ಪಟ್ಟಿಯನ್ನು ಕೈಬಿಟ್ಟರು. ಅವರಿಗೆ ಡಬ್ಬಿಯೊಳಗಿನ ಮನುಷ್ಯರೇ ದೇಶ. ಎದುರುಬದಿಯಲ್ಲಿ ಕುಳಿತವನ ಬುತ್ತಿ, ಅವನ ಜಂಬ, ಅವನ ಗೊರಕೆ, ಅವನು ಆಡಿದ ಮಾತಿನ ಧಾಟಿ, ಇವನ್ನು ನಾಲ್ಕು ವಾಕ್ಯಗಳಲ್ಲಿ ಹಿಡಿದು ನಿಲ್ಲಿಸುವ ಶಕ್ತಿ ಅವರದು. ಜೊತೆಗಾರನಿದ್ದಿದ್ದರೆ ಅವರು ಅವನೊಡನೆಯೇ ಮಾತನಾಡಿಕೊಂಡು ಹೋಗುತ್ತಿದ್ದರು. ಒಂಟಿಯಾಗಿದ್ದುದರಿಂದ ಅಪರಿಚಿತರ ಕಡೆಗೆ ತಿರುಗಬೇಕಾಯಿತು. ಒಂಟಿತನವು ಇಲ್ಲಿ ಕಣ್ಣಿಗೆ ಅಂಜನವಾಗಿದೆಯೆಂಬುದರಲ್ಲಿ ಸಂಶಯವಿಲ್ಲ.

ಆದರೆ ಅದೇ ಪುಸ್ತಕದಲ್ಲಿ ಮೊದಲಿನಿಂದಲೂ ನನ್ನನ್ನು ಕಾಡಿದ ಒಂದು ವಿರಸವಿದೆ. ಗ್ರಂಥಕರ್ತರು ಕೆಲವು ಊರುಗಳನ್ನೂ ಜನರನ್ನೂ ತೀರ ಬೇಗನೆ ತಳ್ಳಿಹಾಕುತ್ತಾರೆ. ಆಫ್ಘಾನಿಸ್ತಾನಕ್ಕೆ ದೊರೆತದ್ದು ಕೆಲವೇ ಪುಟಗಳ ತಾತ್ಸಾರ. ಹೊರಟ ದಿನವೇ ಭೇಟಿಯಾದ ಒಬ್ಬ ವೃದ್ಧ ಸಹಪ್ರಯಾಣಿಕನು ತಿಂಡಿ ಕೊಳ್ಳಲೆಂದು ಇಟಲಿಯ ಗಡಿಯ ಡೊಮೊಡೊಸೊಲಾ ನಿಲ್ದಾಣದಲ್ಲಿ ಇಳಿದು, ಗಾಡಿ ತಪ್ಪಿಸಿಕೊಂಡು, ಗಂಟುಮೂಟೆಗಳನ್ನು ಒಳಗೇ ಬಿಟ್ಟು ಉಳಿದುಹೋದ ಸಂಗತಿ ಇಡೀ ಪುಸ್ತಕದ ಪ್ರಸಿದ್ಧ ಹಾಸ್ಯ. ಅದನ್ನೋದಿ ನಾನೂ ನಕ್ಕಿದ್ದೇನೆ. ಕಡೆಯ ಸೈಬೀರಿಯದ ಭಾಗದಲ್ಲಿಯಂತೂ ನಗೆಯೂ ಉಳಿಯದು. ಕತ್ತಲೆ, ಮದ್ಯ, ಬೇಸರ, ಮನೆಯ ನೆನಪು, ಇಷ್ಟೇ. ಈ ಕಹಿ ಎಲ್ಲಿಂದ ಹರಿದುಬಂದಿತೆಂಬುದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ. ದೀರ್ಘಪ್ರಯಾಣದ ಆಯಾಸವೆಂದು ನಾವು ಸಮಾಧಾನಪಟ್ಟುಕೊಂಡಿದ್ದೆವು.

ಉತ್ತರ ಬಂದದ್ದು ಮೂವತ್ತಮೂರು ವರ್ಷಗಳ ತರುವಾಯ. 2006ರಲ್ಲಿ ಥೆರೂ ಅವರು ಅದೇ ಹಾದಿಯನ್ನು ಮತ್ತೆ ಹಿಡಿದರು. ಆ ಪ್ರಯಾಣದ ಪುಸ್ತಕದ ಆರಂಭದಲ್ಲಿಯೇ ಹಳೆಯ ಗುಟ್ಟನ್ನು ಹೊರಗಿಟ್ಟಿದ್ದಾರೆ. 1973ರಲ್ಲಿ ಅವರು ಹೊರಟದ್ದು ಮನೆಯವರ ಒಪ್ಪಿಗೆಯಿಂದಲ್ಲ. ಹೆಂಡತಿಯ ಕೋಪವನ್ನೂ ಇಬ್ಬರು ಚಿಕ್ಕಮಕ್ಕಳನ್ನೂ ಬಿಟ್ಟು ಹೊರಟು, ದಾರಿಯುದ್ದಕ್ಕೂ ಸಂಕಟಪಟ್ಟು, ಹಿಂದಿರುಗಿ ನೋಡಿದಾಗ ತಮ್ಮ ಸ್ಥಾನದಲ್ಲಿ ಮತ್ತೊಬ್ಬನು ಬಂದಿದ್ದುದನ್ನು ಕಂಡರು. ಆ ದುಃಖವನ್ನು ಅದುಮಿಟ್ಟು, ಲವಲವಿಕೆಯ ಪ್ರವಾಸಿಯ ವೇಷವನ್ನು ಧರಿಸಿ ಮೊದಲ ಪುಸ್ತಕವನ್ನು ಬರೆದರು. ಇದು ಅವರೇ ಒಪ್ಪಿಕೊಂಡ ಮಾತು, ಅನ್ಯರ ಅಪವಾದವಲ್ಲ.

ಇದನ್ನೋದಿದಾಗ ನನಗೆ ಥಟ್ಟನೆ ಕಾಳಿದಾಸನ ಮೇಘಸಂದೇಶ ನೆನಪಾಯಿತು. ಅಲ್ಲಿಯೂ ಒಂದು ದೀರ್ಘಮಾರ್ಗದ ವರ್ಣನೆಯಿದೆ. ರಾಮಗಿರಿಯಿಂದ ಅಲಕೆಯವರೆಗೆ ಆಮ್ರಕೂಟ, ರೇವಾ, ವಿದಿಶೆ, ಉಜ್ಜಯಿನಿ, ಕುರುಕ್ಷೇತ್ರ, ಕನಖಲ ಎಂದು ಊರು, ನದಿ, ಬೆಟ್ಟಗಳು ಒಂದಾದ ಮೇಲೊಂದು ಬರುತ್ತವೆ. ಅವೆಲ್ಲವನ್ನೂ ಹೇಳುತ್ತಿರುವವನು ಮಡದಿಯಿಂದ ಒಂದು ವರ್ಷ ಅಗಲಿ ಬಿದ್ದಿರುವ ಶಾಪಗ್ರಸ್ತ ಯಕ್ಷನೆಂಬುದನ್ನು ಕವಿ ಮೊದಲ ಪದ್ಯದಲ್ಲಿಯೇ ತಿಳಿಸಿಬಿಡುತ್ತಾನೆ. ಆದುದರಿಂದ ನೀರು ಬತ್ತಿ ಸಣ್ಣಗಾದ ನದಿಯು ವಿರಹಿಣಿಯ ಜಡೆಯಂತೆ ಕಂಡಿತೆಂದಾಗ ನಾವು ನದಿಯನ್ನು ತಪ್ಪಾಗಿ ತಿಳಿಯುವುದಿಲ್ಲ. ಬಣ್ಣ ಎಷ್ಟು ನದಿಯದು, ಎಷ್ಟು ಯಕ್ಷನದು ಎಂಬುದನ್ನು ವಿಂಗಡಿಸಿಕೊಳ್ಳಬಲ್ಲೆವು. ಯಕ್ಷನನ್ನು ತೆಗೆದುಹಾಕಿ ಮಾರ್ಗವನ್ನು ಮಾತ್ರ ಉಳಿಸಿದ್ದರೆ? ಆಗ ವಿರಹದ ಬಣ್ಣವೆಲ್ಲ ಊರುಗಳದೇ ಬಣ್ಣವೆಂದು ನಾವು ಮೋಸಹೋಗುತ್ತಿದ್ದೆವು. ‘ರೈಲ್ವೇ ಬಜಾರ್’ ಹೀಗೆ ಯಕ್ಷನಿಲ್ಲದ ಮೇಘಸಂದೇಶ. ಮನೆಯ ಮೇಲಿನ ಸಿಟ್ಟು ಪರರ ಊರಿನ ಮೇಲೆ ಸುರಿದಿದೆ; ಸಿಟ್ಟಿನ ಮೂಲವನ್ನು ಮಾತ್ರ ಮರೆಮಾಡಿದೆ.

ಇಲ್ಲಿ ಪೂರ್ವಪಕ್ಷವೊಂದು ಹುಟ್ಟುವುದು ಸಹಜ. ಮನೆಯ ಮಾತನ್ನು ಬೀದಿಗೆ ತರದಿರುವುದು ಮರ್ಯಾದೆಯಲ್ಲವೆ? ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವವೆಂದು ಸಾಧಿಸಿದನು. ಗೃಹಕಲಹವನ್ನು ಪ್ರವಾಸಗ್ರಂಥದಲ್ಲಿ ತುಂಬುವುದು ಅನೌಚಿತ್ಯವೇ ಸರಿ ಎಂದು ಕೆಲವರು ಹೇಳಿಯಾರು. ಈ ಮಾತಿನಲ್ಲಿ ತಿರುಳಿಲ್ಲದಿಲ್ಲ. ಜಗಳದ ವಿವರಗಳು ನಮಗೆ ಬೇಡ. ಯಕ್ಷನ ಅಪರಾಧವೇನೆಂಬುದನ್ನು ಕಾಳಿದಾಸನೂ ಒಂದು ಮಾತಿನಲ್ಲಿ ಮುಗಿಸಿದ್ದಾನೆ; ತನ್ನ ಅಧಿಕಾರದಲ್ಲಿ ಎಚ್ಚರತಪ್ಪಿದನು, ಅಷ್ಟೇ. ಆದರೆ ಆ ಒಂದು ಮಾತು ಇದೆ. ಮೌನವು ತನ್ನವರ ಮಾನವನ್ನು ಕಾಯುವಾಗ ಅದು ಮರ್ಯಾದೆ. ಅದರ ಬೆಲೆಯನ್ನು ಏನೂ ಅರಿಯದ ಮೂರನೆಯವರು, ಡಬ್ಬಿಯಲ್ಲಿ ಎದುರಿಗೆ ಕುಳಿತ ಅಮಾಯಕರು, ತೆರಬೇಕಾಗಿ ಬಂದಾಗ ಅದನ್ನು ಮರ್ಯಾದೆಯೆನ್ನುವುದು ಹೇಗೆ?

ರಾಮೇಶ್ವರದ ಕಡಲನ್ನು ಅವರು ದಾಟಿದ ಪ್ರಸಂಗವನ್ನು ಓದುವಾಗ, ಅದೇ ಕಡಲನ್ನು ಒಬ್ಬನೇ ದಾಟಿ ಪರದ್ವೀಪದ ಪಟ್ಟಣವನ್ನು ರಾತ್ರಿಯಲ್ಲಿ ಸುತ್ತಿದ ಮತ್ತೊಬ್ಬ ಸಾಕ್ಷಿಯನ್ನು ನೆನೆಯದಿರಲು ಸಾಧ್ಯವಿಲ್ಲ. ಸುಂದರಕಾಂಡದಲ್ಲಿ ಹನುಮಂತನು ಮಂಡೋದರಿಯನ್ನು ಕಂಡು ಸೀತೆಯೆಂದು ಭ್ರಮಿಸಿ ಹಿಗ್ಗುತ್ತಾನೆ. ಕೂಡಲೇ ವಿಚಾರಮಾಡಿ ತಪ್ಪನ್ನು ತಿದ್ದಿಕೊಳ್ಳುತ್ತಾನೆ. ರಾವಣನ ಅಂತಃಪುರದಲ್ಲಿ ಮಲಗಿದ್ದ ಹೆಂಗಸರನ್ನು ನೋಡಿದೆನಲ್ಲಾ ಎಂದು ಶಂಕಿಸಿ, ಇಂದ್ರಿಯಗಳನ್ನು ನಡೆಸುವುದು ಮನಸ್ಸು, ಆ ಮನಸ್ಸು ಕೆಟ್ಟಿತೇ ಎಂದು ತನ್ನನ್ನೇ ಪರೀಕ್ಷಿಸಿಕೊಳ್ಳುತ್ತಾನೆ. ಆ ಮೇಲೆ ಹಿಂದಿರುಗಿ, ಚೂಡಾಮಣಿಯ ಗುರುತಿನೊಡನೆ ತಾನು ಕಂಡುದನ್ನು ರಾಮನಿಗೆ ಅರಿಕೆಮಾಡುತ್ತಾನೆ. ಜೊತೆಗಾರನಿಲ್ಲದ ಪ್ರವಾಸಿಯು ಹೇಗೆ ಆಪ್ತನಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ತಿದ್ದುವವರು ಪಕ್ಕದಲ್ಲಿ ಇಲ್ಲದಿರುವಾಗ ತನ್ನ ಮನಸ್ಸನ್ನು ತಾನೇ ವಿಚಾರಣೆಗೆ ನಿಲ್ಲಿಸಬೇಕು.

ಎರಡನೆಯ ಪುಸ್ತಕದ ಹಿರಿಮೆ ಈ ವಿಚಾರಣೆಯಲ್ಲಿದೆ. ಮೊದಲ ಸಲ ಹಡಗಿನಲ್ಲಿ ದಾಟಿದ ಕಡಲುಗಳ ಗತಿಯೇ ಈ ನಡುವೆ ಬದಲಾಗಿತ್ತು. ಇಂಗ್ಲೆಂಡು ಫ್ರಾನ್ಸುಗಳ ನಡುವೆ 1994ರಲ್ಲಿಯೂ, ಜಪಾನಿನ ಎರಡು ದ್ವೀಪಗಳ ನಡುವೆ 1988ರಲ್ಲಿಯೂ ಕಡಲಡಿಯ ಸುರಂಗಗಳು ತೆರೆದವು. ಜಪಾನಿನ ಸುರಂಗದ ಉದ್ದ ಸುಮಾರು 54 ಕಿಲೋಮೀಟರು. ಸುಮಾರು ನಾಲ್ಕು ಗಂಟೆ ಹಡಗಿನ ಕಟಕಟೆಯಲ್ಲಿ ನಿಂತು ದಾಟಿದ ನೀರನ್ನು ಈಗ ಗಾಡಿಯ ಕಿಟಕಿಯ ಕತ್ತಲೆಯಲ್ಲಿ ದಾಟಿದ್ದಾಯಿತು. ರಾಮೇಶ್ವರ ತಲೈಮನ್ನಾರುಗಳ ನಡುವಿನ ಹಡಗಂತೂ ಸಿಂಹಳದ ಅಂತಃಕಲಹದಲ್ಲಿ, 1984ರಲ್ಲಿ, ನಿಂತೇಹೋಗಿತ್ತು. ಎರಡು ಕಡೆ ಯಂತ್ರವಿದ್ಯೆ, ಒಂದು ಕಡೆ ಯುದ್ಧ, ಹೀಗೆ ಹಳೆಯ ಹಾದಿ ಅಳಿಸಿಹೋದಾಗ, ಹಿಂದೆ ಬರೆದುದನ್ನು ಮತ್ತೆ ನೋಡಿ ಒಪ್ಪಿಟ್ಟುಕೊಳ್ಳುವ ಅನುಕೂಲವೂ ಹೋಯಿತು. ಆಗ ಉಳಿದದ್ದು ತನ್ನ ನೆನಪನ್ನೇ ಪರೀಕ್ಷಿಸುವ ಕೆಲಸ.

ಆ ಪರೀಕ್ಷೆ ಆತ್ಮನಿಂದೆಯ ಪ್ರದರ್ಶನವಾಗಿಲ್ಲ. ವಿಯತ್ನಾಮನ್ನು ಅವರು ಮೊದಲು ಕಂಡದ್ದು ಯುದ್ಧದ ನಡುವೆ. ಎರಡನೆಯ ಸಲ ಆ ನಾಡಿನವರು ಅಮೆರಿಕದವನೆಂದು ತಿಳಿದೂ ವಿಶ್ವಾಸದಿಂದ ಕಂಡುದಕ್ಕೆ ಅವರ ಮನಸ್ಸು ಕರಗಿದೆ. ಎಲ್ಲೆಡೆಯಲ್ಲಿಯೂ ಹೀಗೆ ಕರಗಿತೆಂದಲ್ಲ. ಸಿಂಗಪುರದ ಮೇಲೆ ಅವರ ನುಡಿ ಇನ್ನೂ ಕಟುವೇ. ಆದರೆ 1968ರಿಂದ 1971ರವರೆಗೆ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಉಪಾಧ್ಯಾಯರಾಗಿದ್ದುದನ್ನೂ ಅಲ್ಲಿ ಉಂಡ ಕಹಿಯನ್ನೂ ಹೇಳಿದ್ದಾರೆ. ಎಷ್ಟು ಭಾಗ ಊರಿನ ದೋಷ, ಎಷ್ಟು ಭಾಗ ಹಳೆಯ ಗಾಯ ಎಂದು ವಾಚಕನು ಕಳೆದುಕೊಂಡು ಓದಬಹುದು. ಬಿಗಿಮಾತು ದೋಷವಲ್ಲ, ಬಿಗಿಮಾತಿನ ಕಾರಣವನ್ನು ಅಡಗಿಸುವುದು ದೋಷ.

ಎರಡನೆಯ ಸಲ ಅವರು ಮುಂಬಯಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೂ ಬಂದರು. ನಾವೇ ಬಲ್ಲ ಊರಾದುದರಿಂದ ಸಾಕ್ಷಿಯನ್ನು ಒರೆಗೆ ಹಚ್ಚಲು ನಮಗಿದು ಒಳ್ಳೆಯ ಸಂದರ್ಭ. ದೂರದೇಶದ ಗಿರಾಕಿಗಳಿಗೆ ರಾತ್ರಿಯಿಡೀ ದೂರವಾಣಿಯಲ್ಲಿ ಉತ್ತರಕೊಡುವ ನಮ್ಮ ಯುವಕರ ಬಾಳನ್ನು ಅವರು ಎಚ್ಚರದಿಂದಲೇ ನೋಡಿದ್ದಾರೆ. ಆದರೆ ಕನ್ನಡದಲ್ಲಿ ಬಾಳುವ ಬೆಂಗಳೂರನ್ನು ಹುಡುಕುವವನಿಗೆ ಆ ಪುಟಗಳಲ್ಲಿ ದೊರೆಯುವುದು ಅಲ್ಪ. ಇದು ಅವರೊಬ್ಬರ ಕೊರತೆಯಲ್ಲ. ದೇಶಭಾಷೆಯನ್ನರಿಯದ ಒಂಟಿ ಪ್ರವಾಸಿಗೆ ಇಂಗ್ಲಿಷ್ ಬಲ್ಲವರಷ್ಟೇ ಮಾತನಾಡಲು ಸಿಗುತ್ತಾರೆ. ನಮ್ಮೂರಿನ ವಿಷಯದಲ್ಲಿ ಕಂಡ ಈ ಮಿತಿ ಅವರ ಟೋಕಿಯೋ ರಂಗೂನುಗಳಿಗೂ ಅನ್ವಯಿಸುತ್ತದೆಂದು ನಾವು ಊಹಿಸಬೇಕು. ಮನಸ್ಸನ್ನು ತೊಳೆದುಕೊಂಡರೂ ಕಿವಿಯ ಕೊರತೆ ಉಳಿಯುತ್ತದೆ.

ಡೊಮೊಡೊಸೊಲಾದಲ್ಲಿ ಉಳಿದುಹೋದ ಆ ವೃದ್ಧನ ಮಾತು ಇನ್ನೊಂದಿದೆ. ಥೆರೂ ಅವರು 1983ರಲ್ಲಿ ಪ್ರಕಟಿಸಿದ, ಬ್ರಿಟನ್ನಿನ ಕರಾವಳಿಯ ಪ್ರವಾಸದ ಪುಸ್ತಕದಲ್ಲಿ, ಆತನ ಊರನ್ನು ಹುಡುಕಿಕೊಂಡು ಹೋಗಿ ವಿಚಾರಿಸಿದ್ದಾರೆ. ಆತನು ತೀರಿಕೊಂಡಿದ್ದನು. ಬಂಧುಗಳಿಂದ ಕೇಳಿದ ಆತನ ಜೀವನ, ಗಾಡಿಯಲ್ಲಿ ಕಂಡ ನಗೆಪಾಟಲಿನ ಮುದುಕನದಾಗಿರಲಿಲ್ಲ. ಒಂದು ದಿನದ ಜೊತೆಯಲ್ಲಿ ಮನುಷ್ಯನನ್ನು ತೂಗಿದುದರ ತಪ್ಪನ್ನು ಅವರು ಅಂದೇ ಅರಿಯತೊಡಗಿದ್ದರೆಂದು ಇದರಿಂದ ತಿಳಿಯುತ್ತದೆ. ಸಂಪೂರ್ಣವಾಗಿ ಒಪ್ಪಿಕೊಳ್ಳಲು ಇನ್ನೂ ಇಪ್ಪತ್ತೈದು ವರ್ಷ ಬೇಕಾಯಿತು.

ಹಾಗಾದರೆ ಮೊದಲ ಪುಸ್ತಕವನ್ನು ತ್ಯಜಿಸಬೇಕೆ? ಬೇಡ. ಅದರ ಮಾತಿನ ಚೈತನ್ಯ ಎರಡನೆಯದರಲ್ಲಿ ಅಷ್ಟಾಗಿ ಇಲ್ಲ; ಅದು ಉದ್ದವಾಗಿಯೂ ಕೆಲವೆಡೆ ಉಪದೇಶಪರವಾಗಿಯೂ ಇದೆ. ಆದರೆ ಮೊದಲನೆಯದನ್ನು ಒಂಟಿಯಾಗಿ ಓದಕೂಡದೆಂಬುದು ನನ್ನ ಈಗಿನ ಮತ. ಮನೆಗಳಲ್ಲಿ ಇವನ್ನು ಓದುವವರು ಮೊದಲ ಪುಸ್ತಕವನ್ನು ಓದುತ್ತ, ಗ್ರಂಥಕರ್ತರು ಅಕಾರಣವಾಗಿ ಕಟುವಾದ ಸ್ಥಳಗಳಿಗೆಲ್ಲ ಅಂಚಿನಲ್ಲಿ ಗೆರೆಯೆಳೆದಿಟ್ಟುಕೊಂಡು, ಎರಡನೆಯದನ್ನು ಮುಗಿಸಿದ ಮೇಲೆ ಆ ಗೆರೆಗಳಿಗೆ ಹಿಂದಿರುಗಲಿ. ನಾನು ಹಾಗೆ ಮಾಡಿದೆನು. ನನ್ನ ಪ್ರತಿಯಲ್ಲಿ ಗೆರೆಗಳು ಹೆಚ್ಚು ಬಿದ್ದದ್ದು ಕಡೆಯ ಅಧ್ಯಾಯಗಳಲ್ಲಿ, ಮನೆ ಹತ್ತಿರವಾಗುತ್ತ ಬಂದಂತೆ. ಹುಡುಗರ ಕೈಗೆ ಒಂದನ್ನೇ ಕೊಟ್ಟಿದ್ದೆನೆಂಬ ಕೊರಗು ನನಗುಳಿದಿದೆ. ಈ ಲೇಖನ ಅವರಲ್ಲಿ ಕೆಲವರ ಕಣ್ಣಿಗಾದರೂ ಬಿದ್ದರೆ ಅದಿಷ್ಟು ಕಡಿಮೆಯಾದೀತು.