ಮಿಥ್ಯೋಪದೇಶವೂ ಅಭಿಪ್ರಾಯ ಸ್ವಾತಂತ್ರ್ಯವೂ

ಶ್ರಾವಕನ ಸತ್ಯಾಣುವ್ರತಕ್ಕೆ ಸಂಬಂಧಿಸಿದ ಐದು ಅತಿಚಾರಗಳನ್ನು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಅವುಗಳ ಪೈಕಿ ಕೂಟಲೇಖಕ್ರಿಯೆ, ನ್ಯಾಸಾಪಹಾರ ಎಂಬ ಎರಡನ್ನು ವರ್ತಕ ಸಮಾಜಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಸುಳ್ಳು ಪತ್ರ ಬರೆಯುವುದೂ ನಂಬಿ ಇಟ್ಟ ಠೇವಣಿಯನ್ನು ನುಂಗುವುದೂ ದೋಷವೆಂಬುದನ್ನು ನಮ್ಮ ಮನೆಯ ಮಕ್ಕಳೂ ಬಲ್ಲರು. ಆದರೆ ಪಟ್ಟಿಯ ಮೊದಲ ಸ್ಥಾನ ಇವೆರಡಕ್ಕೂ ಸಂದಿಲ್ಲ. ಅದು ಮಿಥ್ಯೋಪದೇಶಕ್ಕೆ, ಎಂದರೆ ಪರರನ್ನು ತಪ್ಪು ದಾರಿಗೆ ಹಚ್ಚುವ ಸಲಹೆಗೆ ಸಂದಿದೆ. ಲೆಕ್ಕದ ಪುಸ್ತಕದಲ್ಲಿ ಒಂದು ಅಂಕಿಯನ್ನು ತಿದ್ದಲು ಕೈ ನಡುಗುವ ಸಜ್ಜನರೂ ಅನ್ಯರ ದೇಹ, ಮನೆ, ಮಕ್ಕಳ ವಿಷಯದಲ್ಲಿ ಸಲಹೆ ಕೊಡುವಾಗ ಈ ಅತಿಚಾರವನ್ನು ನೆನೆಯುವುದಿಲ್ಲವೆಂಬುದು ಖೇದದ ಸಂಗತಿ.

ಇಂದು ನಮ್ಮ ನಡುವೆ ಅಭಿಪ್ರಾಯಗಳಿಗೆ ಬರವಿಲ್ಲ. ಹೊಸ ಯಂತ್ರವೊಂದು ಬಂದರೆ ಅದರ ಬಗ್ಗೆ, ಸರ್ಕಾರ ಬದಲಾದರೆ ಅದರ ಬಗ್ಗೆ, ನೆರೆಮನೆಯ ಮಗಳ ಓದು, ಸೊಸೆಯ ಹೆರಿಗೆ, ಹಿರಿಯರ ಸಕ್ಕರೆ ಕಾಯಿಲೆಯ ಮಾತ್ರೆ, ಯಾವುದರ ಬಗ್ಗೆಯೂ ತೀರ್ಪು ಕೊಡಲು ಯಾರೂ ಹಿಂಜರಿಯುವುದಿಲ್ಲ. ಆಧಾರವೇನೆಂದು ಪ್ರಶ್ನಿಸಿದರೆ, ‘ಅದು ನನ್ನ ಅಭಿಪ್ರಾಯ, ಅವರವರ ಅಭಿಪ್ರಾಯ ಅವರವರಿಗೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ನಮ್ಮವರೇ ಆದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ನಮ್ಮ ಅನೇಕಾಂತ ಹೇಳುವುದೂ ಅದನ್ನೇ ಅಲ್ಲವೆ?’ ಎನ್ನುತ್ತಾರೆ. ಈ ಕೊನೆಯ ಮಾತನ್ನು ಪರೀಕ್ಷೆಗೆ ಒಳಪಡಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಅನೇಕಾಂತವು ಆಡುವವನ ಹೊಣೆಯನ್ನು ಇಳಿಸುವುದಿಲ್ಲ, ಹೆಚ್ಚಿಸುತ್ತದೆ ಎಂಬುದು ನನ್ನ ಪ್ರತಿಪಾದನೆ.

ಇದಕ್ಕೆ ದೂರದ ಒಂದು ಉದಾಹರಣೆಯನ್ನು ತೆಗೆದುಕೊಳ್ಳುತ್ತೇನೆ. ಅದು ಇಂಗ್ಲೆಂಡಿನದು. ತಂತ್ರಜ್ಞಾನ, ಆರೋಗ್ಯ, ರಾಜಕಾರಣ, ಮನೆಯವರ ಸ್ವಂತ ನಿರ್ಧಾರ, ಈ ನಾಲ್ಕೂ ಅದರಲ್ಲಿ ಕೂಡಿವೆ. ಮೇಲಾಗಿ ಅಲ್ಲಿಯ ಜಮಾ-ಖರ್ಚು ಆದಿಯಿಂದ ಅಂತ್ಯದವರೆಗೆ ದಾಖಲಾಗಿರುವುದರಿಂದ ತಪಾಸಣೆಗೆ ಅನುಕೂಲವಾಗಿದೆ.

1998ರ ಫೆಬ್ರವರಿಯಲ್ಲಿ ಲಂಡನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆ ‘ದಿ ಲ್ಯಾನ್ಸೆಟ್’ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಅವರ 12 ಮಂದಿ ಸಹೋದ್ಯೋಗಿಗಳ ಪ್ರಬಂಧವೊಂದನ್ನು ಪ್ರಕಟಿಸಿತು. ಅದರಲ್ಲಿ ಪರೀಕ್ಷೆಗೆ ಒಳಗಾಗಿದ್ದ ಮಕ್ಕಳು ಕೇವಲ 12. ದಡಾರ, ಮಂಗನಬಾವು, ರುಬೆಲ್ಲಾ ಎಂಬ ಮೂರು ರೋಗಗಳಿಗೂ ಒಂದೇ ಚುಚ್ಚುಮದ್ದಾಗಿ ಕೊಡುವ ಎಂ.ಎಂ.ಆರ್. ಲಸಿಕೆಗೂ ಆ ಮಕ್ಕಳ ಕರುಳಿನ ರೋಗ ಮತ್ತು ಆಟಿಸಂ ಸ್ವರೂಪದ ಬೆಳವಣಿಗೆಯ ತೊಂದರೆಗೂ ನಂಟಿರಬಹುದೇ ಎಂಬ ಶಂಕೆಯನ್ನು ಅದು ಮುಂದಿಟ್ಟಿತು. ಲಸಿಕೆಗೂ ರೋಗಕ್ಕೂ ಸಂಬಂಧವನ್ನು ತಾವು ಸಿದ್ಧಪಡಿಸಿಲ್ಲವೆಂದು ಪ್ರಬಂಧವೇ ಒಪ್ಪಿಕೊಂಡಿತ್ತೆಂಬುದು ಇಲ್ಲಿ ಗಮನಾರ್ಹ. ಆದರೆ ಪ್ರಬಂಧದ ಪ್ರಕಟಣೆಗಾಗಿ ಕರೆದ ಪತ್ರಿಕಾಗೋಷ್ಠಿಯಲ್ಲಿ ವೇಕ್‌ಫೀಲ್ಡ್ ಮೂರು ಕೂಡಿದ ಚುಚ್ಚುಮದ್ದನ್ನು ನಿಲ್ಲಿಸಿ ಒಂದೊಂದನ್ನು ಬೇರೆ ಬೇರೆಯಾಗಿ ಕೊಡುವುದು ಲೇಸೆಂದರು. ಬರಹದಲ್ಲಿ ಇದ್ದ ಎಚ್ಚರ ಬಾಯಿಮಾತಿನಲ್ಲಿ ಕಳಚಿಹೋಯಿತು. ದಿನಪತ್ರಿಕೆಗಳು ಬಾಯಿಮಾತನ್ನು ಹಿಡಿದವು. ತಾಯಂದಿರ ಕಿವಿಗೆ ಮುಟ್ಟುವ ಹೊತ್ತಿಗೆ ‘ಇರಬಹುದೇ’ ಎಂಬುದು ‘ಇದೆಯಂತೆ’ ಎಂದಾಗಿತ್ತು.

‘ಸ್ಯಾತ್’ ಎಂಬ ಪದದ ಮಹತ್ತ್ವ ಇಲ್ಲಿದೆ. ಅದನ್ನು ಸಂಶಯವೆಂದು ತಿಳಿದವರು ಹಲವರು. ವಾಸ್ತವವಾಗಿ ಅದು ಕರಾರು. ಯಾವ ಅಪೇಕ್ಷೆಯಿಂದ, ಎಷ್ಟರ ಮಟ್ಟಿಗೆ, ಯಾವ ಮಿತಿಯೊಳಗೆ ಈ ಮಾತು ನಿಜವೆಂಬುದನ್ನು ಆಡುವವನು ತಾನೇ ಘೋಷಿಸಬೇಕೆಂಬ ಕಟ್ಟುಪಾಡು ಅದು. ಹನ್ನೆರಡು ಮಕ್ಕಳನ್ನು ನೋಡಿದವನು ಹನ್ನೆರಡು ಮಕ್ಕಳ ಮಾತನ್ನಷ್ಟೇ ಆಡಬೇಕು. ಮಿತಿಯನ್ನು ಮರೆಮಾಚಿ ಇತರ ಪಕ್ಷಗಳನ್ನು ತಳ್ಳಿಹಾಕುವ ನಯವನ್ನು ನಮ್ಮ ತಾರ್ಕಿಕರು ನಯವೆನ್ನಲಿಲ್ಲ, ನಯಾಭಾಸವೆಂದರು.

ಎರಡನೆಯ ದೋಷ ಪತ್ರಿಕೆಗಳದು. ಒಂದು ಪಕ್ಷದ ವೈದ್ಯರೊಬ್ಬರು, ಎದುರು ಪಕ್ಷದ ವೈದ್ಯರೊಬ್ಬರು ಎಂದು ಇಬ್ಬರಿಗೂ ಸಮಾನ ಜಾಗ ಕೊಟ್ಟು ನ್ಯಾಯ ಮಾಡಿದೆವೆಂದು ಅವು ಭಾವಿಸಿದವು. ಅದರ ಫಲವನ್ನು ಕಾರ್ಡಿಫ್ ವಿಶ್ವವಿದ್ಯಾನಿಲಯದ ಸಂಶೋಧಕರು 2003ರಲ್ಲಿ ಬಯಲಿಗಿಟ್ಟರು: ಸುದ್ದಿಯಲ್ಲಿ ಎರಡೂ ಕಡೆಗೆ ಸಮಾನ ಸ್ಥಾನ ಸಿಕ್ಕಿದ್ದರಿಂದ ಸಾಕ್ಷ್ಯವೂ ಎರಡೂ ಕಡೆಗೆ ಸಮಾನವಾಗಿಯೇ ಇರಬೇಕೆಂದು ಪ್ರಶ್ನಿಸಲ್ಪಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಂಬಿದ್ದರು. ಸಾಕ್ಷ್ಯವಾದರೋ ಬೇರೆಯೇ ಇತ್ತು. ಡೆನ್ಮಾರ್ಕಿನಲ್ಲಿ 5,37,303 ಮಕ್ಕಳ ದಾಖಲೆಗಳನ್ನು ಶೋಧಿಸಿದ ಅಧ್ಯಯನ 2002ರಲ್ಲಿ ಪ್ರಕಟವಾಗಿ, ಲಸಿಕೆ ಪಡೆದವರಲ್ಲಿ ಆಟಿಸಂ ಹೆಚ್ಚಿಲ್ಲವೆಂದು ತೋರಿಸಿತ್ತು. ಹನ್ನೆರಡು ಒಂದು ತಟ್ಟೆಯಲ್ಲಿ, ಐದು ಲಕ್ಷ ಮೂವತ್ತೇಳು ಸಾವಿರ ಇನ್ನೊಂದು ತಟ್ಟೆಯಲ್ಲಿ! ಈ ತಕ್ಕಡಿಯ ಮುಳ್ಳನ್ನು ಕೈಯಿಂದ ಹಿಡಿದು ನಡುವೆ ನಿಲ್ಲಿಸುವುದನ್ನು ಅಂಗಡಿಯಲ್ಲಿ ಮಾಡಿದರೆ ಅದಕ್ಕೆ ಹೀನಾಧಿಕ ಮಾನ, ಎಂದರೆ ಕಳ್ಳ ತೂಕವೆಂದು ಹೆಸರು. ಅಚೌರ್ಯಾಣುವ್ರತದಲ್ಲಿ ಅದೂ ಒಂದು ಅತಿಚಾರ. ವಸ್ತುವಿಗೆ ಅನೇಕ ಧರ್ಮಗಳಿವೆ ಎನ್ನುವುದು ಅನೇಕಾಂತ. ವಸ್ತುವಿನ ಬಗೆಗಿನ ಎಲ್ಲ ಮಾತುಗಳಿಗೂ ಒಂದೇ ತೂಕವೆನ್ನುವುದು ಅನೇಕಾಂತವಲ್ಲ.

ಮೂರನೆಯದು ರಾಜಕಾರಣದ ಸಂಗತಿ. 2001ರ ಡಿಸೆಂಬರಿನಲ್ಲಿ ಅಲ್ಲಿಯ ಪ್ರಧಾನಿ ಟೋನಿ ಬ್ಲೇರ್ ಅವರನ್ನು, ತಮ್ಮ ಕೂಸಿಗೆ ಈ ಲಸಿಕೆ ಹಾಕಿಸಿದ್ದಾರೆಯೇ ಎಂದು ಕೇಳಲಾಯಿತು. ಅದು ಮನೆಯ ಖಾಸಗಿ ವಿಷಯವೆಂದು ಅವರು ಉತ್ತರಿಸಲಿಲ್ಲ. ಹಾಕಿಸಿದ್ದೆವೆಂದು ಅವರ ಪತ್ನಿ ಮುಂದೆ ಬಹಿರಂಗಪಡಿಸಿದರು. ಸ್ವಂತ ಮಗುವಿನ ವಿಷಯ ಗೋಪ್ಯವಾಗಿರಲಿ ಎಂಬ ಅಪೇಕ್ಷೆಯಲ್ಲಿ ಅನ್ಯಾಯವಿಲ್ಲ. ಪರರ ಮನೆಯ ಮಗುವಿನ ಮದ್ದಿನ ಬಗ್ಗೆ ವಿಚಾರಣೆ ನಡೆಸುವ ಚಪಲವೇ ನಿಂದ್ಯ. ಆದರೆ ‘ಎಲ್ಲರೂ ಹಾಕಿಸಿರಿ’ ಎಂದು ಪ್ರಜೆಗಳಿಗೆ ಹೇಳುವ ಸರ್ಕಾರದ ಮುಖ್ಯಸ್ಥನ ಮೌನ ಸಾಮಾನ್ಯನ ಮೌನದಂತಲ್ಲ. ಜನ ಅದಕ್ಕೂ ಒಂದು ಅರ್ಥ ಕಟ್ಟಿದರು. ಯಾರ ಮಾತಿಗೆ ತೂಕ ಹೆಚ್ಚೋ ಅವರ ಮೌನಕ್ಕೂ ತೂಕ ಹೆಚ್ಚು.

ಇನ್ನು ಬೆಲೆ ತೆತ್ತವರ ಲೆಕ್ಕ. ಇಂಗ್ಲೆಂಡಿನಲ್ಲಿ 1990ರ ದಶಕದ ನಡುವೆ ಶೇಕಡ 92ರಷ್ಟು ಎಳೆಯ ಮಕ್ಕಳು ಈ ಲಸಿಕೆ ಪಡೆಯುತ್ತಿದ್ದರು. 2003-04ರಲ್ಲಿ ಅದು ಶೇಕಡ 80ಕ್ಕೆ ಇಳಿಯಿತು. ದಡಾರವನ್ನು ತಡೆಯಲು ಶೇಕಡ 95ರಷ್ಟು ಮಕ್ಕಳಿಗಾದರೂ ರಕ್ಷಣೆ ಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1998ರಲ್ಲಿ 56 ಇದ್ದ ದಡಾರದ ದೃಢಪಟ್ಟ ಪ್ರಕರಣಗಳು 2008ರಲ್ಲಿ 1,370 ಆದವು. 2006ರಲ್ಲಿ 13 ವರ್ಷದ ಹುಡುಗನೊಬ್ಬ ತೀರಿಕೊಂಡ. 1992ರಿಂದೀಚೆಗೆ ಅಲ್ಲಿ ಅಂಥ ಸಾವು ಆಗಿರಲಿಲ್ಲ.

ನಮ್ಮ ಹಿರಿಯರ ಕಾಲದಲ್ಲಿ ವರ್ತಕರ ನಡುವೆ ಹುಂಡಿ ನಡೆಯುತ್ತಿತ್ತು. ಬಸದಿಯ ಕಾಣಿಕೆ ಹುಂಡಿಯಲ್ಲ, ಹಣ ಕೊಡಿರೆಂದು ಬರೆದುಕೊಡುತ್ತಿದ್ದ ಚೀಟಿ. ತೋರಿಸಿದೊಡನೆ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ, ಅವಧಿ ತುಂಬಿದ ಮೇಲೆ ಕೊಡಬೇಕಾದದ್ದು ಮುದ್ದತಿ ಹುಂಡಿ. ಬರೆದವನ ಸಹಿ ಅದರ ಮೇಲಿರುತ್ತಿತ್ತು. ಹುಂಡಿ ತಿರಸ್ಕೃತವಾದರೆ ಅವನ ಮನೆತನದ ಮಾನ ಹೋಗುತ್ತಿತ್ತು. ಆರೋಗ್ಯದ ಬಗ್ಗೆ ನಾವು ಹಗುರವಾಗಿ ಕೊಡುವ ಅಭಿಪ್ರಾಯವೂ ಒಂದು ಮುದ್ದತಿ ಹುಂಡಿಯೇ. ಆದರೆ ಅದರ ಮೇಲೆ ಸಹಿ ಇಲ್ಲ, ಹಣ ಕೊಡಬೇಕಾದವನು ಬೇರೆ. ವೇಲ್ಸ್ ಪ್ರಾಂತದ ಸ್ವಾನ್ಸೀ ನಗರದಲ್ಲಿ ಸ್ಥಳೀಯ ಪತ್ರಿಕೆಯೊಂದು 1997ರಿಂದಲೇ ಈ ಲಸಿಕೆಯ ವಿರುದ್ಧ ಸಾಲು ಸಾಲಾಗಿ ಬರೆಯಿತು. ಆ ಪತ್ರಿಕೆ ಹೋಗುತ್ತಿದ್ದ ಸೀಮೆಯಲ್ಲಿ ಲಸಿಕೆ ಪಡೆದವರ ಪ್ರಮಾಣ ವೇಲ್ಸ್‌ನ ಉಳಿದೆಡೆಗಿಂತ ಬಹಳ ಹೆಚ್ಚು ಕುಸಿಯಿತೆಂದು ಮುಂದೆ ಸಂಶೋಧಕರು ತೋರಿಸಿದರು. 2012ರ ಕೊನೆಯಲ್ಲಿ ಅದೇ ಸೀಮೆಯಲ್ಲಿ ದಡಾರ ಹಬ್ಬಿತು. 2013ರ ಬೇಸಗೆಯಲ್ಲಿ ಅದು ಅಡಗುವ ಹೊತ್ತಿಗೆ 1,200ಕ್ಕೂ ಹೆಚ್ಚು ಪ್ರಕರಣಗಳು ವರದಿಯಾಗಿದ್ದವು, 25 ವರ್ಷದ ಒಬ್ಬ ಯುವಕ ಮೃತನಾಗಿದ್ದ. ಎಷ್ಟೋ ರೋಗಿಗಳು, ಎಳವೆಯಲ್ಲಿ ಲಸಿಕೆ ತಪ್ಪಿಹೋಗಿ ಈಗ ಶಾಲೆಗೆ ಹೋಗುತ್ತಿದ್ದ ಹುಡುಗರು. ಹುಂಡಿ ಬರೆದು ಹದಿನೈದು ವರ್ಷವಾದ ಮೇಲೆ ಮುದ್ದತು ತುಂಬಿತ್ತು.

ಮೂಲ ಪ್ರಬಂಧದ ಗತಿ ಏನಾಯಿತು? ಲಸಿಕೆ ತಯಾರಕರ ಮೇಲೆ ದಾವೆ ಹೂಡಲು ಸಿದ್ಧತೆ ನಡೆಸಿದ್ದ ವಕೀಲರ ಮೂಲಕ ವೇಕ್‌ಫೀಲ್ಡರಿಗೆ ಹಣ ಸಂದಾಯವಾಗಿದ್ದುದನ್ನು ಪತ್ರಕರ್ತ ಬ್ರಯನ್ ಡಿಯರ್ 2004ರಿಂದ ಹಂತ ಹಂತವಾಗಿ ಹೊರತಂದರು. ಒಟ್ಟು ಮೊತ್ತ 4 ಲಕ್ಷ ಪೌಂಡಿಗೂ ಮೀರಿತ್ತು. ಅದೇ ವರ್ಷ ಸಹಲೇಖಕರಲ್ಲಿ 10 ಮಂದಿ ಪ್ರಬಂಧದ ನಿರ್ಣಯದಿಂದ ಹಿಂದೆ ಸರಿದರು. 2010ರ ಫೆಬ್ರವರಿಯಲ್ಲಿ ‘ಲ್ಯಾನ್ಸೆಟ್’ ಪ್ರಬಂಧವನ್ನೇ ಹಿಂತೆಗೆದುಕೊಂಡಿತು. ಮೇ ತಿಂಗಳಲ್ಲಿ ವೇಕ್‌ಫೀಲ್ಡರ ಹೆಸರನ್ನು ಅಲ್ಲಿಯ ವೈದ್ಯರ ಪಟ್ಟಿಯಿಂದ ತೆಗೆದುಹಾಕಲಾಯಿತು. ಮಕ್ಕಳ ರೋಗವಿವರಗಳನ್ನೇ ತಿರುಚಲಾಗಿತ್ತೆಂದು 2011ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪ್ರಕಟಿಸಿತು. ಮಿಥ್ಯೋಪದೇಶದ ಹಿಂದೆ ಕೂಟಲೇಖವೂ ಅಡಗಿತ್ತು. ಆದರೆ ಹಿಂತೆಗೆತದ ಸುದ್ದಿ ಮೊದಲ ಸುದ್ದಿಯಷ್ಟು ದೂರ ನಡೆಯುವುದಿಲ್ಲ.

ನ್ಯಾಯದ ದೃಷ್ಟಿಯಿಂದ ಇನ್ನೊಂದು ಪಕ್ಷವನ್ನೂ ಹೇಳಬೇಕು. ಶಂಕೆಪಟ್ಟ ತಂದೆತಾಯಿಗಳೆಲ್ಲ ಮೂಢರಾಗಿರಲಿಲ್ಲ. ಮಂಗನಬಾವಿನ ಒಂದು ತಳಿಯನ್ನು ಬಳಸಿದ್ದ ಎರಡು ಬಗೆಯ ಎಂ.ಎಂ.ಆರ್. ಲಸಿಕೆಗಳಿಂದ ಕೆಲವು ಮಕ್ಕಳಿಗೆ ಮಿದುಳಿನ ಪೊರೆಯ ಉರಿಯೂತ ತಗಲಿದ್ದು ಕಂಡು, 1992ರಲ್ಲಿ ಬ್ರಿಟನ್ ಅವುಗಳ ಬಳಕೆಯನ್ನು ತಾನೇ ನಿಲ್ಲಿಸಿತ್ತು. ಆ ನೆನಪು ಇದ್ದವರು ಪ್ರಶ್ನೆ ಕೇಳಿದ್ದು ಸಹಜ. ಮಗುವಿಗೆ ಏಕೆ ಹೀಗಾಯಿತೆಂದು ಹಗಲಿರುಳು ಕೊರಗುವ ತಾಯಿಯ ಪ್ರಶ್ನೆಯನ್ನು ನಗೆಯಾಡಿ ತಳ್ಳಿದ ವೈದ್ಯರೂ ಭಾಷಾಸಮಿತಿಯನ್ನು ಮೀರಿದವರೇ. ಪ್ರಶ್ನೆ ಕೇಳುವುದು ಜಿಜ್ಞಾಸೆ. ಉತ್ತರ ತಿಳಿಯದೆ ತೀರ್ಪು ಹಂಚುವುದು ಪ್ರಮಾದ. ಹಿಂಸೆಯ ಬೇರು ಪ್ರಮಾದದಲ್ಲಿದೆಯೆಂದು ಉಮಾಸ್ವಾಮಿಗಳು ಹೇಳಿರುವುದನ್ನು ನಾವು ನಡಿಗೆಗೆ, ಅಡುಗೆಗೆ, ನೀರು ಸೋಸುವುದಕ್ಕೆ ಅನ್ವಯಿಸುತ್ತೇವೆ. ನಾಲಗೆಗೂ ಅನ್ವಯಿಸಬೇಡವೆ?

ದೂರದ ಕಥೆಯೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. 2017ರ ಫೆಬ್ರವರಿ 5ರಂದು ದಡಾರ-ರುಬೆಲ್ಲಾ ಲಸಿಕೆಯ ರಾಷ್ಟ್ರೀಯ ಅಭಿಯಾನ ನಮ್ಮ ಬೆಂಗಳೂರಿನಲ್ಲಿಯೇ ಉದ್ಘಾಟನೆಗೊಂಡಿತು. 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗಾಗಿ ಕರ್ನಾಟಕ, ತಮಿಳುನಾಡು ಮೊದಲಾದೆಡೆ ನಡೆದ ಆ ಅಭಿಯಾನಕ್ಕೂ ಗಾಳಿಮಾತುಗಳ ಕಾಟ ತಪ್ಪಲಿಲ್ಲ. ಒಬ್ಬರ ಮೊಬೈಲಿನಿಂದ ಇನ್ನೊಬ್ಬರ ಮೊಬೈಲಿಗೆ ದಾಟುತ್ತ ಬಂದ ಸಂದೇಶಗಳಿಗೆ ತಂದೆಯಿಲ್ಲ, ತಾಯಿಯಿಲ್ಲ. ದಾಟಿಸಿದವರಲ್ಲಿ ಓದಿದವರೂ ಇದ್ದರು.

ನಮ್ಮ ಸಮಾಜಕ್ಕೇ ವಿಶಿಷ್ಟವಾದ ಒಂದು ಪ್ರಶ್ನೆಯನ್ನು ಇಲ್ಲಿ ಬಿಡುವಂತಿಲ್ಲ. ಕೆಲವು ಲಸಿಕೆಗಳು ಕೆಡದಂತೆ ಇರಲು ಪ್ರಾಣಿಜನ್ಯವಾದ ಜೆಲಟಿನ್ ಬಳಸುತ್ತಾರೆ. ಅನೇಕ ಮಾತ್ರೆಗಳ ಕ್ಯಾಪ್ಸೂಲ್ ಕವಚವೂ ಅದರದೇ. ಅಹಿಂಸಾಣುವ್ರತಿಯಾದ ಗೃಹಸ್ಥನಿಗೆ ಇದರಿಂದ ಅಳುಕಾಗುವುದು ಸಹಜ, ಗೌರವಾರ್ಹ. ಆದರೆ ಅದು ಆಚಾರದ ಪ್ರಶ್ನೆ. ಅದನ್ನು ಆಚಾರದ ಪ್ರಶ್ನೆಯಾಗಿಯೇ ಎತ್ತಿ, ಬಲ್ಲ ವೈದ್ಯರೊಡನೆ, ತ್ಯಾಗಿಗಳೊಡನೆ ಚರ್ಚಿಸಬೇಕು. ಗೃಹಸ್ಥನು ಪೂರ್ಣವಾಗಿ ಬಿಡಬೇಕಾದದ್ದು ಸಂಕಲ್ಪೀ ಹಿಂಸೆಯನ್ನು ಎಂಬುದನ್ನೂ, ದಡಾರ ತಗಲಿದ ಒಂದು ಮಗುವಿನಿಂದ ಲಸಿಕೆಯ ವಯಸ್ಸಿಗೆ ಬಾರದ ಹಸುಗೂಸಿಗೂ ಅದು ಹರಡುವುದನ್ನೂ ಒಟ್ಟಿಗೆ ತೂಗಿ ನೋಡಬೇಕು. ಮನಸ್ಸಿನ ಅಳುಕನ್ನು ಒಳಗಿಟ್ಟು, ‘ಚುಚ್ಚುಮದ್ದಿನಿಂದ ಮಗುವಿನ ಬುದ್ಧಿ ಮಂಕಾಗುತ್ತದಂತೆ’ ಎಂಬ ಸುಳ್ಳನ್ನು ಹೊರಗೆ ಹಂಚುವುದು ಯಾವ ವ್ರತಕ್ಕೂ ಸೇವೆಯಲ್ಲ.

ದಶಲಕ್ಷಣ ಪರ್ವದ ದಿನಗಳಲ್ಲಿ ಉಪವಾಸ ಕೈಗೊಂಡ ಸಕ್ಕರೆ ಕಾಯಿಲೆಯ ಹಿರಿಯರಿಗೆ, ‘ಮಾತ್ರೆ ಬಿಟ್ಟರೂ ಏನೂ ಆಗದು, ನಮ್ಮ ಅತ್ತೆಯವರು ಬಿಡಲಿಲ್ಲವೆ?’ ಎಂದು ಧೈರ್ಯ ಹೇಳುವವರು ಪ್ರತಿ ಊರಲ್ಲಿಯೂ ಇದ್ದಾರೆ. ಅವರ ಭಕ್ತಿಯ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಆ ಹಿರಿಯರು ನಡುರಾತ್ರಿ ಎಚ್ಚರ ತಪ್ಪಿದರೆ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುವವರು ಮನೆಯ ಮಕ್ಕಳೇ ಹೊರತು ಧೈರ್ಯ ಹೇಳಿದವರಲ್ಲ.

ಬಸದಿಗಳ ಆಡಳಿತ ಮಂಡಳಿಗಳಿಗೆ ನನ್ನ ವಿನಂತಿ ಇಷ್ಟು. ಪ್ರವಚನದ ವೇದಿಕೆಯಿಂದಾಗಲಿ, ಸೂಚನಾ ಫಲಕದಿಂದಾಗಲಿ ಔಷಧ, ಲಸಿಕೆ, ಪಥ್ಯಗಳ ಬಗ್ಗೆ ಹೊರಡುವ ಪ್ರತಿಯೊಂದು ಮಾತಿಗೂ ಹೇಳಿದ ವೈದ್ಯರ ಹೆಸರು ಮತ್ತು ದಿನಾಂಕ ಇರಲಿ. ಹೆಸರಿಲ್ಲದ ಮಾತಿಗೆ ಅಲ್ಲಿ ಎಡೆ ಬೇಡ. ದೇಣಿಗೆಯ ಹತ್ತು ರೂಪಾಯಿಗೂ ರಸೀದಿ ಕೊಡುವ ನಾವು ಪ್ರಾಣಕ್ಕೆ ಸಂಬಂಧಿಸಿದ ಮಾತಿಗೆ ರಸೀದಿ ಕೇಳುವುದರಲ್ಲಿ ತಪ್ಪೇನಿದೆ?

ಕುಟುಂಬಗಳ ಹಿರಿಯರಿಗೂ ಒಂದು ಅರಿಕೆ. ಸಲಹೆ ಕೊಡುವ ಮುನ್ನ ಮೂರು ವಿಷಯಗಳನ್ನು ಮನಸ್ಸಿನಲ್ಲೇ ಕೇಳಿಕೊಳ್ಳೋಣ. ನನ್ನನ್ನು ಕೇಳಿದ್ದಾರೆಯೆ? ಇದು ನನಗೆ ಎಲ್ಲಿಂದ ತಿಳಿಯಿತು, ಎಷ್ಟು ತಿಳಿಯಿತು? ಮಾತು ತಪ್ಪಾದರೆ ಬೆಲೆ ತೆರುವವರು ಯಾರು? ಮೂರನೆಯದಕ್ಕೆ ‘ನಾನಲ್ಲ’ ಎಂಬ ಉತ್ತರ ಬಂದಾಗ, ‘ಈ ವಿಷಯ ನನಗೆ ತಿಳಿಯದು, ಬನ್ನಿ, ವೈದ್ಯರನ್ನು ಕೇಳೋಣ, ನಾನೂ ಜೊತೆಗೆ ಬರುತ್ತೇನೆ’ ಎನ್ನುವುದೇ ಯೋಗ್ಯ. ಸತ್ಯಾಣುವ್ರತಕ್ಕೆ ಅದರಿಂದ ಕುಂದಿಲ್ಲ. ಕಷ್ಟದಲ್ಲಿರುವ ಮನೆಗೆ ನಾಲ್ಕು ಅಭಿಪ್ರಾಯಗಳಿಗಿಂತ ಜೊತೆಗೆ ಬರುವ ಒಬ್ಬ ಮನುಷ್ಯನ ಅಗತ್ಯ ಹೆಚ್ಚು.