ರೂಪಕುಂಡದ ಆಲಿಕಲ್ಲಿನ ಕತೆ

ರೂಪಕುಂಡದ ಚಾರಣದ ಬಗ್ಗೆ ಯಾರು ಬರೆದರೂ ಆಲಿಕಲ್ಲಿನ ಕತೆ ಹೇಳದೆ ಮುಗಿಸುವುದಿಲ್ಲ. ಉತ್ತರಾಖಂಡದ ತ್ರಿಶೂಲ ಪರ್ವತದ ಬುಡದಲ್ಲಿ, ಸುಮಾರು 5,000 ಮೀಟರ್ ಎತ್ತರದಲ್ಲಿರುವ ಆ ಪುಟ್ಟ ಕೆರೆಯ ಸುತ್ತ 1942ರಲ್ಲಿ ಅರಣ್ಯ ಇಲಾಖೆಯವರ ಕಣ್ಣಿಗೆ ಬಿದ್ದ ನೂರಾರು ಜನರ ಮೂಳೆಗಳಿಗೆ ಒಂದು ಕಾರಣ ಬೇಕಾಗಿತ್ತು. 2004ರ ನ್ಯಾಷನಲ್ ಜಿಯಾಗ್ರಫಿಕ್ ಸಾಕ್ಷ್ಯಚಿತ್ರ ಅದನ್ನು ಒದಗಿಸಿತು: ಒಂಬತ್ತನೆಯ ಶತಮಾನದ ಯಾತ್ರಿಕರ ಮೇಲೆ ಕ್ರಿಕೆಟ್ ಚೆಂಡಿನಷ್ಟು ದಪ್ಪದ ಆಲಿಕಲ್ಲು ಬಿದ್ದು ಎಲ್ಲರೂ ಒಮ್ಮೆಗೇ ಸತ್ತರು. ಹದಿನೈದು ವರ್ಷ ಈ ವಿವರಣೆ ಹೆಚ್ಚು ಪ್ರಶ್ನೆಗೆ ಒಳಗಾಗದೆ ಓಡಾಡಿತು. ಚಿತ್ರಕ್ಕಾಗಿ ದುಡಿದ ತಜ್ಞರು ಗಂಭೀರವಾಗಿಯೇ ಕೆಲಸ ಮಾಡಿದ್ದರು, ಆ ಕಾಲ ನಿರ್ಣಯವೂ ಅಲ್ಲಿನ ಒಂದು ಗುಂಪಿನ ಮಟ್ಟಿಗೆ ನಿಂತಿದೆ. ಆದರೆ ಆ ವಿವರಣೆಗೆ ಸಿಕ್ಕಿರುವ ಮನ್ನಣೆ ಅದರ ಯೋಗ್ಯತೆಯನ್ನು ಮೀರಿದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಡೀ ವಾದ ನಿಂತಿರುವುದು ಒಂದು ಜೋಡಣೆಯ ಮೇಲೆ. ಒಂದು ಕಡೆ, ಕೆಲವು ತಲೆಬುರುಡೆಗಳಲ್ಲಿ ವಾಸಿಯಾಗದ ಪೆಟ್ಟಿನ ಗುರುತುಗಳಿವೆ. ಪೆಟ್ಟು ಮೇಲಿನಿಂದ ಬಿದ್ದಿದೆ, ಬಡಿದ ವಸ್ತು ದುಂಡಗಿತ್ತು. ಇನ್ನೊಂದು ಕಡೆ ನಂದಾದೇವಿಯ ಜಾತ್ರೆಯ ಹಾಡಿದೆ. ಕನೌಜಿನ ರಾಜ ಜಸಧವಳ ಬಸುರಿ ರಾಣಿಯನ್ನೂ ನರ್ತಕಿಯರನ್ನೂ ಕಟ್ಟಿಕೊಂಡು ಬಂದು ದೇವಿಯ ನೆಲಕ್ಕೆ ಮೈಲಿಗೆ ಮಾಡಿದ, ದೇವಿ ಮುನಿದು ಆಲಿಕಲ್ಲು ಸುರಿಸಿದಳು ಎನ್ನುತ್ತದೆ ಅದು. ಮೂಳೆಯೂ ಹಾಡೂ ಒಂದೇ ಮಾತು ಹೇಳುತ್ತಿವೆ, ಎರಡು ಸಾಕ್ಷಿ ಸಿಕ್ಕಿತು ಎಂದು ಚಿತ್ರ ತೀರ್ಪು ಕೊಡುತ್ತದೆ. ನಾನು ತಕರಾರು ಎತ್ತುವುದು ಇಲ್ಲೇ. ಎರಡು ಸಾಕ್ಷಿಗಳಿಗೆ ಬೆಲೆ ಬರುವುದು ಅವು ಒಂದನ್ನೊಂದು ಅರಿಯದಿದ್ದಾಗ. ರಾಜಜಾತ ಎಂದು ಕರೆಯುವ ಆ ಜಾತ್ರೆಯ ದಾರಿ ಈ ಕೆರೆಯ ಪಕ್ಕದಲ್ಲೇ ಹೋಗುತ್ತದೆ. ಹಿಮ ಕರಗಿದ ವರ್ಷಗಳಲ್ಲಿ ಮೂಳೆಗಳು ದಾರಿಹೋಕರ ಕಣ್ಣಿಗೆ ಬೀಳುತ್ತವೆ. ಮೂಳೆ ಕಂಡವರೇ ಅದಕ್ಕೊಂದು ಅರ್ಥ ಕೊಡಲು ಈ ಹಾಡು ಕಟ್ಟಿರಬಹುದಲ್ಲವೇ? ಹಾಗಿದ್ದರೆ ಹಾಡು ಮೂಳೆಗೆ ಸಾಕ್ಷಿ ನುಡಿಯುತ್ತಿಲ್ಲ, ಮೂಳೆಯಿಂದಲೇ ಹುಟ್ಟಿದೆ. ಇನ್ನು ಪೆಟ್ಟಿನ ವಿಚಾರ. ಕಡಿದಾದ ಬಂಡೆಗಳ ನಡುವಿನ ಆ ಬಟ್ಟಲಿಗೆ ಮೇಲಿನಿಂದ ಕಲ್ಲು ಉರುಳುವುದು ಮಾಮೂಲು. ಕಲ್ಲನ್ನು ಪಕ್ಕಕ್ಕಿಟ್ಟು ಆಲಿಕಲ್ಲನ್ನೇ ಆರಿಸಲು ಪ್ರೇರಣೆ ಬಂದದ್ದು ಬುರುಡೆಯಿಂದಲೋ ಹಾಡಿನಿಂದಲೋ? ಚಿತ್ರ ಈ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳುವುದೇ ಇಲ್ಲ. ಮೇಲಾಗಿ ಪೆಟ್ಟಿನ ಗುರುತಿರುವುದು ಕೆಲವೇ ಬುರುಡೆಗಳಲ್ಲಿ. ಆ ಕೆಲವರ ಸಾವನ್ನು ನೂರಾರು ಜನರ ಮೇಲೆ ಹೊದಿಸಲಾಗಿದೆ.

ಆಲಿಕಲ್ಲು ಜನರನ್ನು ಕೊಲ್ಲುವುದಿಲ್ಲವೇ ಎಂದು ಕೇಳಬಹುದು. ಕೊಲ್ಲುತ್ತದೆ. 1888ರ ಏಪ್ರಿಲ್ 30ರಂದು ಮೊರಾದಾಬಾದಿನಲ್ಲಿ ಸುಮಾರು 246 ಜನ ಸತ್ತರು. 1986ರಲ್ಲಿ ಬಾಂಗ್ಲಾದೇಶದ ಗೋಪಾಲಗಂಜಿನಲ್ಲಿ ಒಂದು ಕಿಲೋ ತೂಕದ ಆಲಿಕಲ್ಲು ಬಿದ್ದು 92 ಜನ ಸತ್ತರು. ಆದರೆ ಈ ಎರಡೂ ಊರುಗಳಿರುವುದು ಬಯಲಲ್ಲಿ. ಅಂಥ ಗಾತ್ರದ ಆಲಿಕಲ್ಲು ಬೆಳೆಯಬೇಕಾದರೆ ತೇವ ತುಂಬಿದ ಬಿಸಿಗಾಳಿ ಕೆಳಗಿನಿಂದ ಬಲವಾಗಿ ಏರಿ, ಹೆಪ್ಪುಗಟ್ಟುತ್ತಿರುವ ಹರಳನ್ನು ಮೋಡದೊಳಗೆ ಬಹಳ ಹೊತ್ತು ಎತ್ತಿ ಹಿಡಿದಿರಬೇಕು. ಐದು ಸಾವಿರ ಮೀಟರ್ ಎತ್ತರದ ತೆಳು, ತಣ್ಣನೆಯ ಗಾಳಿಯಲ್ಲಿ ಅದಕ್ಕೆ ಆಸ್ಪದ ಕಡಿಮೆ. ಅಲ್ಲಿ ಆಲಿಕಲ್ಲು ಮತ್ತೆ ಮತ್ತೆ ಬೀಳುತ್ತದೆ ನಿಜ, ಸಾಮಾನ್ಯವಾಗಿ ಸಾಬಕ್ಕಿಯಂಥ ಸಣ್ಣ ಕಾಳಾಗಿ. ಅಸಾಧ್ಯ ಎಂದು ನಾನು ಹೇಳುತ್ತಿಲ್ಲ. ಇಷ್ಟು ಅಪರೂಪದ ಘಟನೆಯನ್ನು ಮುಂದಿಡುವವರು ಅದಕ್ಕೆ ತಕ್ಕಷ್ಟು ಗಟ್ಟಿ ಆಧಾರ ಕೊಡಬೇಕು, ಇಲ್ಲಿ ಕೊಟ್ಟಿಲ್ಲ.

2019ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಬಂದ ಡಿಎನ್‌ಎ ಅಧ್ಯಯನ ಒಂದೇ ದಿನದ ದುರಂತದ ಕಲ್ಪನೆಯನ್ನೇ ಒಡೆಯಿತು. ಪರೀಕ್ಷಿಸಿದ 38 ಜನರಲ್ಲಿ 23 ಮಂದಿ ದಕ್ಷಿಣ ಏಷ್ಯಾ ಮೂಲದವರು, ಸುಮಾರು ಕ್ರಿ.ಶ. 800ರ ಆಚೀಚೆ, ಅವರೂ ಒಟ್ಟಿಗೆ ಸತ್ತವರಲ್ಲ. 14 ಮಂದಿಯ ಮೂಲ ಪೂರ್ವ ಮೆಡಿಟರೇನಿಯನ್, ಒಬ್ಬರದು ಆಗ್ನೇಯ ಏಷ್ಯಾ. ಇವರು ಸತ್ತು ಕೆಲವು ಶತಮಾನಗಳಷ್ಟೇ ಆಗಿವೆ. ಇದನ್ನು ಹಿಡಿದುಕೊಂಡು ಕೆಲವು ವಿಮರ್ಶಕರು ಹಾಡನ್ನೇ ಬುರುಡೆ ಎಂದು ಎಸೆದರು. ಈ ಜನರ ಜೊತೆ ನನ್ನ ಜಗಳ ಇನ್ನೂ ದೊಡ್ಡದು. ಸಾಕ್ಷ್ಯಚಿತ್ರ ಹಾಡನ್ನು ಹವಾಮಾನ ವರದಿಯಾಗಿ ಓದಿ ನಿಜ ಎಂದಿತು. ಇವರೂ ಹಾಗೆಯೇ ಓದಿ ಸುಳ್ಳು ಎಂದರು. ಓದಿನ ತಪ್ಪು ಎರಡು ಕಡೆಯೂ ಅದೇ. ಮಾನವಶಾಸ್ತ್ರಜ್ಞ ವಿಲಿಯಂ ಸ್ಯಾಕ್ಸ್ ಈ ಜಾತ್ರೆಯ ಬಗೆಗಿನ 1991ರ ತಮ್ಮ ಪುಸ್ತಕದಲ್ಲಿ ತೋರಿಸಿರುವಂತೆ, ಈ ಹಾಡುಗಳ ನಂದಾ ತವರು ಬಿಟ್ಟು ಗಂಡನ ಮನೆಗೆ ಹೊರಟ ಹೆಣ್ಣುಮಗಳು. ಜಾತ್ರೆಯೆಂದರೆ ಅವಳನ್ನು ಕಳಿಸಿಕೊಡುವ ದಾರಿ. ಮಗಳನ್ನು ಕಳಿಸಲು ಹೋಗುವ ದಾರಿಯಲ್ಲಿ ಅರಮನೆಯ ವೈಭವ ಮೆರೆಸಿದ ರಾಜನಿಗೆ ಆ ಹಾಡು ಶಿಕ್ಷೆ ಕೊಡುತ್ತದೆ. ಬೆಟ್ಟದ ಮೇಲೆ ಯಾರು ಹೇಗೆ ನಡೆದುಕೊಳ್ಳಬೇಕು ಎನ್ನುವುದು ಅದರ ಕಾಳಜಿ. ಆಲಿಕಲ್ಲಿನ ಅಳತೆ ಅದಕ್ಕೆ ಬೇಕಿಲ್ಲ.

ಇದು ಪಂಡಿತರ ಜಗಳ, ಚಾರಣಿಗರಿಗೆ ಏನಾಗಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಚೆಂಡಿನ ಗಾತ್ರದ ಆಲಿಕಲ್ಲಿನ ಕತೆ ಕೇಳಿ ಬೆಳೆದ ಚಾರಣಿಗ ಅಪಾಯವನ್ನು ತಲೆಗೆ ಬೀಳುವ ಪೆಟ್ಟಿನಲ್ಲಿ ಹುಡುಕುತ್ತಾನೆ. ಸಣ್ಣ ಕಾಳು ಬಿದ್ದರೆ ಫೋಟೊ ತೆಗೆಯುತ್ತಾನೆ. ಅದೇ ಸಣ್ಣ ಕಾಳು ಅರ್ಧ ಗಂಟೆಯಲ್ಲಿ ದಾರಿ ಮುಚ್ಚುತ್ತದೆ, ಬಟ್ಟೆ ತೋಯಿಸುತ್ತದೆ. ಹಿಂದೆಯೇ ಗಾಳಿ ಬರುತ್ತದೆ, ಸಿಡಿಲೂ ಬರುತ್ತದೆ. ಭಗವಾಬಾಸಾ ಶಿಬಿರದಿಂದ ಕೆರೆಯವರೆಗೆ ಬಯಲ ಏರಿನಲ್ಲಿ ಮರೆ ಇಲ್ಲ. 2024ರ ಜೂನ್‌ನಲ್ಲಿ ಇದೇ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಕರ್ನಾಟಕದವರೇ ಹೆಚ್ಚಾಗಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ 9 ಮಂದಿ ತೀರಿಕೊಂಡರು. ಅವರ ಜೀವ ತೆಗೆದದ್ದು ಚಳಿ ಮತ್ತು ಗಾಳಿ. ರೂಪಕುಂಡದ ಬಹುಪಾಲು ಜನರೂ ಹೀಗೆಯೇ, ಬೇರೆ ಬೇರೆ ವರ್ಷಗಳಲ್ಲಿ, ತೋಯ್ದು ನಡುಗಿ ಸತ್ತಿರಬಹುದು ಎಂಬ ಊಹೆಗೆ ಚಿತ್ರದ ಕತೆಯ ರೋಚಕತೆ ಇಲ್ಲ. ಪೆಟ್ಟಿನ ಗುರುತಿಲ್ಲದ ಆ ಎಲ್ಲ ಬುರುಡೆಗಳಿಗೆ ಹೆಚ್ಚು ಹೊಂದುವುದು ಮಾತ್ರ ಅದೇ. ಮೆಡಿಟರೇನಿಯನ್ ಮೂಲದ ಆ 14 ಮಂದಿ ಅಲ್ಲಿಗೆ ಏಕೆ ಬಂದರು ಎಂಬುದಕ್ಕೆ ಹಾಡಿನಲ್ಲಾಗಲಿ ಚಿತ್ರದಲ್ಲಾಗಲಿ ಒಂದು ಸಾಲೂ ಇಲ್ಲ. ರೂಪಕುಂಡದ ಬಗ್ಗೆ ಮುಂದೆ ಬರೆಯುವವರು ಶುರು ಮಾಡಬೇಕಾದದ್ದು ಅವರಿಂದ.