ಒಂದೇ ಗಟ್ಟಿಯಿಂದ ಕೊರೆದ ಕವಚ: ಮೆಚ್ಚುವ ಮುನ್ನ ಒಂದಿಷ್ಟು ಲೆಕ್ಕ

ಟ್ಯಾಬ್ಲೆಟ್ ಗಣಕಗಳ ವಿಮರ್ಶೆಗಳನ್ನು ಓದುವವರಿಗೆ ಒಂದು ಮಾತು ಚೆನ್ನಾಗಿ ಪರಿಚಿತ. 'ಅಲ್ಯೂಮಿನಿಯಂನ ಒಂದೇ ಗಟ್ಟಿಯಿಂದ ಕೊರೆದು ತೆಗೆದ ಕವಚ' ಎಂಬುದೇ ಆ ಮಾತು. ಆಪಲ್ ಕಂಪನಿ 2010ರಲ್ಲಿ ಮೊದಲ ಐಪ್ಯಾಡನ್ನು ಮಾರುಕಟ್ಟೆಗೆ ತಂದಂದಿನಿಂದ ಇದು ಜಾಹೀರಾತಿನಿಂದ ಪತ್ರಿಕೆಗೆ, ಪತ್ರಿಕೆಯಿಂದ ಅಂಗಡಿಯವರ ಬಾಯಿಗೆ ಹರಿದುಬಂದಿದೆ. ಒಂದೇ ತುಂಡು, ಆದ್ದರಿಂದ ಬಲಿಷ್ಠ. ಲೋಹ, ಆದ್ದರಿಂದ ಶ್ರೇಷ್ಠ. ಇಷ್ಟರಲ್ಲೇ ಕವಚದ ವಿಚಾರ ಮುಗಿದುಹೋಗುತ್ತದೆ. ಕವಚ ಸುಂದರವಾಗಿದೆ ಎಂಬುದರಲ್ಲಿ ನಮಗೆ ತಕರಾರಿಲ್ಲ. ಆದರೆ ಕೊಳ್ಳುವವರ ಕಣ್ಣಿಗೆ ಬೀಳುವುದನ್ನಷ್ಟೇ ಎಣಿಸಿ 'ಉತ್ತಮ ತಂತ್ರಜ್ಞಾನ' ಎಂದು ತೀರ್ಪು ಕೊಡಬಹುದೇ? ಕೊಡಲಾಗದು ಎಂಬುದು ಈ ಲೇಖನದ ವಾದ.

ಇದನ್ನು ಪರಿಶೀಲಿಸಲು ಒಂದು ಒಳ್ಳೆಯ ಉದಾಹರಣೆ ಇದೆ. 2018ರ ಕೊನೆಯಲ್ಲಿ ಬಂದ ಐಪ್ಯಾಡ್ ಪ್ರೊ ಕೇವಲ 5.9 ಮಿ.ಮೀ. ದಪ್ಪವಿತ್ತು. ಮೊದಲ ಐಪ್ಯಾಡಿನ ದಪ್ಪ 13.4 ಮಿ.ಮೀ. ಹೊಸದಾಗಿ ಪೆಟ್ಟಿಗೆ ಬಿಚ್ಚಿದಾಗಲೇ ಕವಚ ತುಸು ಬಾಗಿದೆ ಎಂದು ಕೆಲವು ಗ್ರಾಹಕರು ದೂರಿದರು. 2019ರ ಜನವರಿಯಲ್ಲಿ ಕಂಪನಿ ಒಂದು ವಿವರಣೆಯನ್ನು ಪ್ರಕಟಿಸಿತು. ಯಾವುದೇ ಬದಿಯ ಉದ್ದಕ್ಕೂ 400 ಮೈಕ್ರಾನ್‌ಗಿಂತ ಹೆಚ್ಚಿನ ಓರೆಗೆ ಅವಕಾಶವಿಲ್ಲ, ಇದು ನಾಲ್ಕು ಹಾಳೆ ಕಾಗದದ ದಪ್ಪಕ್ಕಿಂತ ಕಡಿಮೆ ಎಂಬುದು ಅದರ ಸಾರಾಂಶ.

ಹೋಲಿಕೆ ಸುಳ್ಳಲ್ಲ. ಸುಮಾರು 28 ಸೆಂ.ಮೀ. ಉದ್ದದ ತೆಳುವಾದ ತಟ್ಟೆಗೆ 0.4 ಮಿ.ಮೀ. ಓರೆ ಎಂದರೆ ಅದು ಕಳಪೆ ಕೆಲಸವೂ ಅಲ್ಲ. ಹಿಂದಿನ ಮಾದರಿಗಳಿಗಿಂತ ಈ ಮಿತಿ ಬಿಗಿಯಾಗಿದೆ ಎಂದೂ ಕಂಪನಿ ಹೇಳಿತ್ತು. ಆದರೆ ಇಲ್ಲಿ ಆರಿಸಿಕೊಂಡ ಅಳತೆಗೋಲನ್ನು ಗಮನಿಸಿ. ಕಾಗದದ ಬದಲು ಗಣಕದ ದಪ್ಪದೊಂದಿಗೇ ಹೋಲಿಸಿದರೆ 0.4 ಮಿ.ಮೀ. ಎಂಬುದು ಶೇಕಡ 7ರ ಹತ್ತಿರ ಬರುತ್ತದೆ. ಉಕ್ಕಿನ ಪಟ್ಟಿಯನ್ನು ಅಂಚಿಗೆ ಒತ್ತಿ ಬೆಳಕಿಗೆ ಹಿಡಿದರೆ ಇದರ ಹತ್ತರಲ್ಲೊಂದು ಸಂದೂ ಕಾಣುತ್ತದೆಂದು ಐಟಿಐಯಲ್ಲಿ ಫಿಟ್ಟರ್ ತರಬೇತಿ ಪಡೆದ ಯಾರು ಬೇಕಾದರೂ ಹೇಳಿಯಾರು. ನೇರ ಅಂಚುಗಳಿಂದಾಗಿ ಸಣ್ಣ ಓರೆಯೂ ಕೆಲವು ಕೋನಗಳಿಂದ ಎದ್ದು ಕಾಣಬಹುದೆಂದು ಅದೇ ವಿವರಣೆ ಒಪ್ಪಿಕೊಳ್ಳುತ್ತದೆ. ಅಂದರೆ ಹಿಂದಿನ ಮಾದರಿಗಳ ದುಂಡನೆಯ ಅಂಚು ಮರೆಮಾಡುತ್ತಿದ್ದ ದೋಷವನ್ನು ಹೊಸ ವಿನ್ಯಾಸ ಬಯಲಿಗಿಟ್ಟಿತು.

ಅಷ್ಟಕ್ಕೂ ಕವಚ ಬಾಗುವುದೇಕೆ? ಯಾರೋ ಒತ್ತಿದ್ದರಿಂದಲೇ ಬಾಗಬೇಕೆಂದಿಲ್ಲ. ಗಟ್ಟಿಗೊಳಿಸಲು ಅಲ್ಯೂಮಿನಿಯಂ ಮಿಶ್ರಲೋಹವನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಥಟ್ಟನೆ ತಣಿಸುತ್ತಾರೆ. ಹೊರಮೈ ಮೊದಲು ತಣಿಯುತ್ತದೆ, ಒಳಭಾಗ ಆಮೇಲೆ. ಪರಿಣಾಮವಾಗಿ ಹೊರಪದರ ಅದುಮಿದ ಸ್ಥಿತಿಯಲ್ಲಿಯೂ ಒಳಪದರ ಎಳೆದ ಸ್ಥಿತಿಯಲ್ಲಿಯೂ ಉಳಿದುಬಿಡುತ್ತವೆ. ಇದೇ ಉಳಿಕೆ ಪೀಡನ. ಪ್ಲೇಟು ಇಡಿಯಾಗಿರುವವರೆಗೆ ಇವೆರಡೂ ಒಂದನ್ನೊಂದು ಸರಿದೂಗಿಸಿಕೊಂಡು ಸುಮ್ಮನಿರುತ್ತವೆ. ಒಂದು ಮುಖದಿಂದ ಲೋಹವನ್ನು ಕೊರೆದು ತೆಗೆದೊಡನೆ ಸಮತೋಲ ತಪ್ಪಿ, ಒಂದೇ ಮಗ್ಗುಲು ಒಣಗಿದ ಹಪ್ಪಳದಂತೆ ಪ್ಲೇಟು ಸೊಟ್ಟಗಾಗುತ್ತದೆ. ಇದನ್ನು ತಗ್ಗಿಸಲು ಪ್ಲೇಟನ್ನು ಮೊದಲೇ ಶೇಕಡ 1.5ರಿಂದ 3ರಷ್ಟು ಹಿಗ್ಗಿಸುವ ಪದ್ಧತಿ ವಿಮಾನ ಉದ್ಯಮದಲ್ಲಿ ಬಹಳ ಕಾಲದಿಂದ ಇದೆ. ಆಮೇಲೂ ಕೊರೆತವನ್ನು ಒಂದೇ ಬಾರಿಗೆ ಮುಗಿಸುವಂತಿಲ್ಲ. ಒರಟಾಗಿ ಕೊರೆದು, ಹಿಡಿತ ಸಡಿಲಿಸಿ, ಲೋಹ ತನಗೆ ಬೇಕಾದಂತೆ ಸೊಟ್ಟಗಾಗಲು ಬಿಟ್ಟು, ಮತ್ತೆ ಹಿಡಿದು ನಯವಾಗಿ ಕೊರೆಯಬೇಕು. ಗೋಡೆ ತೆಳುವಾದಷ್ಟೂ ಕಟ್ಟರ್ ತಗುಲಿದಾಗ ಅದು ಕಂಪಿಸುತ್ತದೆ, ಮೈಮೇಲೆ ಅಲೆಗಳ ಗುರುತು ಮೂಡುತ್ತದೆ. ಚಿಮಟದಲ್ಲಿ ಬಿಗಿದರೆ ಬಾಗುವ ಭಯ. ಆದ್ದರಿಂದ ನಿರ್ವಾತದ ಹೀರಿಕೆಯಿಂದ ಹಿಡಿದಿಡುವುದೂ ಉಂಟು. ಸಿಎನ್‌ಸಿ ಯಂತ್ರದ ಮೇಲೆ ಹೆಚ್ಚುವ ಒಂದೊಂದು ನಿಮಿಷವೂ ಬೆಲೆಗೆ ಸೇರುತ್ತದೆ.

ಇನ್ನು ಆಂಟೆನಾ. ಲೋಹದ ಪೆಟ್ಟಿಗೆ ಎಂದರೆ ಫ್ಯಾರಡೇ ಪಂಜರ ಎಂಬುದು ವಿಜ್ಞಾನ ವಿದ್ಯಾರ್ಥಿಗಳಿಗೆ ಗೊತ್ತಿದೆ. 2.4 ಗಿಗಾಹರ್ಟ್ಸ್ ಆವೃತ್ತಿಯ ವೈ-ಫೈ ತರಂಗ ಅಲ್ಯೂಮಿನಿಯಂನೊಳಗೆ 1.7 ಮೈಕ್ರಾನ್ ಇಳಿಯುವಷ್ಟರಲ್ಲಿ ಅದರ ಕಂಪನ ವಿಸ್ತಾರ ಶೇಕಡ 37ಕ್ಕೆ ಕುಗ್ಗುತ್ತದೆ. ಒಂದು ಮಿ.ಮೀ. ದಪ್ಪದ ಬೆನ್ನು ಇದರ ಸುಮಾರು ಆರುನೂರು ಪಟ್ಟು. ಹೀಗಿರುವಾಗ ತರಂಗಕ್ಕೆ ಬಾಗಿಲು ತೆರೆಯಲೇಬೇಕು. 2010ರ 3ಜಿ ಐಪ್ಯಾಡಿನಲ್ಲಿ ಇದಕ್ಕಾಗಿ ಮೇಲ್ಭಾಗದಲ್ಲಿ ಕಪ್ಪು ಪ್ಲಾಸ್ಟಿಕ್ ಪಟ್ಟಿ ಇತ್ತು. ನೋಟಕ್ಕೆ ಅಷ್ಟಕ್ಕಷ್ಟೆ, ಆದರೆ ಪ್ರಾಮಾಣಿಕ ಪರಿಹಾರ. 2018ರ ಸೆಲ್ಯುಲಾರ್ ಮಾದರಿಯಲ್ಲಿ ಅಲ್ಯೂಮಿನಿಯಂನಲ್ಲಿ ಸಪೂರ ಕಾಲುವೆಗಳನ್ನು ಕೊರೆದು, ಅವುಗಳಿಗೆ ಪ್ಲಾಸ್ಟಿಕ್ ತುಂಬಲಾಯಿತು. ಲೋಹದ ಮೇಲ್ಮೈಯ ಸೂಕ್ಷ್ಮ ರಂಧ್ರಗಳಿಗೆ ಪ್ಲಾಸ್ಟಿಕ್ ಕಚ್ಚಿಕೊಂಡು ತಣಿದ ಮೇಲೆ ಎರಡನ್ನೂ ಸೇರಿಸಿ ಮತ್ತೊಮ್ಮೆ ಯಂತ್ರದಲ್ಲಿ ಕೊರೆದು ಸಮ ಮಾಡಲಾಯಿತು. ಬಿಸಿಯಾದಾಗ ಪ್ಲಾಸ್ಟಿಕ್ ಸಾಮಾನ್ಯವಾಗಿ ಲೋಹಕ್ಕಿಂತ ಹೆಚ್ಚು ಹಿಗ್ಗುತ್ತದೆ ಎಂಬುದನ್ನು ನೆನೆದರೆ ಈ ಬೆಸುಗೆ ಎಷ್ಟು ಕಷ್ಟದ್ದೆಂದು ಅರಿವಾಗುತ್ತದೆ. ಅದನ್ನು ಸಾಧಿಸಿದವರ ಕೌಶಲ ಮೆಚ್ಚತಕ್ಕದ್ದೇ. ಆದರೆ ಅಂಚಿನಲ್ಲಿ ಕತ್ತರಿಸಿ, ಪ್ಲಾಸ್ಟಿಕ್‌ನಿಂದ ಬೆಸೆದ ವಸ್ತುವನ್ನು ಆಮೇಲೂ 'ಒಂದೇ ತುಂಡು' ಎಂದು ಕರೆಯುವುದು ಹೇಗೆ?

ಇನ್ನೊಂದು ಲೆಕ್ಕವನ್ನು ತರಗತಿಯಲ್ಲೇ ಮಾಡಿಸಬಹುದು. 12.9 ಅಂಗುಲದ ಅದೇ ಗಣಕದ ಉದ್ದ 280.6 ಮಿ.ಮೀ., ಅಗಲ 214.9 ಮಿ.ಮೀ. ಗಾಜನ್ನು ಕಳೆದು ಕವಚದ ಎತ್ತರ 5 ಮಿ.ಮೀ. ಎಂದು ಇಟ್ಟುಕೊಳ್ಳೋಣ. ಅಷ್ಟು ಅಳತೆಯ ಇಡಿ ಪ್ಲೇಟಿನ ಗಾತ್ರ ಸುಮಾರು 300 ಘನ ಸೆಂ.ಮೀ.; ಸಾಂದ್ರತೆ 2.7 ಎಂದರೆ ತೂಕ 810 ಗ್ರಾಂ. ಪರದೆ, ಬ್ಯಾಟರಿ ಎಲ್ಲ ಸೇರಿ ಸಿದ್ಧ ಗಣಕದ ತೂಕವೇ 631 ಗ್ರಾಂ! ಬೆನ್ನು 1 ಮಿ.ಮೀ., ಸುತ್ತಲ ಗೋಡೆ 1.5 ಮಿ.ಮೀ. ಎಂದು ಭಾವಿಸಿದರೆ ಉಳಿಯುವ ಕವಚ 180 ಗ್ರಾಂ ಆಸುಪಾಸು. ಮಿಕ್ಕ ಮುಕ್ಕಾಲು ಪಾಲಿಗೂ ಹೆಚ್ಚು ಲೋಹ ಚೂರಾಗಿ ಕೆಳಗೆ ಬೀಳುತ್ತದೆ. ಅದಿರಿನಿಂದ ಪಡೆದ ಅಲ್ಯೂಮಿನಾದಿಂದ ಒಂದು ಕಿಲೋಗ್ರಾಂ ಅಲ್ಯೂಮಿನಿಯಂ ಬೇರ್ಪಡಿಸಲು ವಿದ್ಯುದ್ವಿಭಜನೆಗೆ ಸುಮಾರು 14 ಯೂನಿಟ್ ವಿದ್ಯುತ್ತು ಬೇಕು. 810 ಗ್ರಾಂ ಪ್ಲೇಟಿಗೆ ತಗಲುವ 11 ಯೂನಿಟ್‌ಗಳಿಂದ ಈ ಗಣಕದ 36.7 ವಾಟ್-ಗಂಟೆಯ ಬ್ಯಾಟರಿಯನ್ನು ಸುಮಾರು 300 ಬಾರಿ ತುಂಬಬಹುದು.

ಚೂರು ವ್ಯರ್ಥವಲ್ಲ, ಕರಗಿಸಿದರೆ ಶೇಕಡ 5ರಷ್ಟು ಶಕ್ತಿಯಲ್ಲೇ ಮತ್ತೆ ಲೋಹವಾಗುತ್ತದೆ ಎಂಬ ಉತ್ತರವುಂಟು. ನಿಜ. 2018ರ ಮ್ಯಾಕ್‌ಬುಕ್ ಏರ್ ಕವಚಕ್ಕೆ ಶೇಕಡ 100 ಮರುಬಳಕೆಯ ಅಲ್ಯೂಮಿನಿಯಂ ಬಳಸಿದ್ದಾಗಿ ಆಪಲ್ ಪ್ರಕಟಿಸಿತು. ತಯಾರಿಕೆಯಲ್ಲಿ ಉದುರಿದ ಚೂರುಗಳೇ ಆ ಲೋಹಕ್ಕೆ ಮೂಲ. ಒಳ್ಳೆಯ ಹೆಜ್ಜೆಯೇ. ಆದರೆ ಹಳೆಯ ಪಾತ್ರೆಯನ್ನೋ ಕೆಟ್ಟ ಗಣಕವನ್ನೋ ಕರಗಿಸುವುದಕ್ಕೂ, ನಾವೇ ಕೊರೆದು ಬೀಳಿಸಿದ್ದನ್ನು ಹೆಕ್ಕಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಎರಡಕ್ಕೂ 'ಮರುಬಳಕೆ' ಎಂಬ ಒಂದೇ ಹೆಸರು ಸಲ್ಲುವುದು ಗೊಂದಲಕ್ಕೆ ಎಡೆಮಾಡುತ್ತದೆ.

ವಿಮರ್ಶೆಗಳು ಮುಟ್ಟದ ವಿಷಯವೆಂದರೆ ಧೂಳು. ಯಂತ್ರದಿಂದ ಇಳಿದ ಕವಚಕ್ಕೆ ರೇಷ್ಮೆಯಂಥ ನುಣುಪು ಬರಬೇಕಾದರೆ ಅದನ್ನು ಉಜ್ಜಿ ಹೊಳಪು ಕೊಡಬೇಕು. ಆಗ ಏಳುವುದು ಅಲ್ಯೂಮಿನಿಯಂನ ನವಿರು ಪುಡಿ. ಪಾತ್ರೆಯ ಅಲ್ಯೂಮಿನಿಯಂ ಒಲೆಯ ಮೇಲೆ ಉರಿಯುವುದಿಲ್ಲವಲ್ಲ, ಪುಡಿಯೇಕೆ ಅಪಾಯ? ಒಂದು ಸೆಂ.ಮೀ. ಘನದ ಮೇಲ್ಮೈ 6 ಚದರ ಸೆಂ.ಮೀ. ಅದನ್ನೇ 10 ಮೈಕ್ರಾನ್ ಘನಗಳಾಗಿ ಒಡೆದರೆ ನೂರು ಕೋಟಿ ಕಣಗಳಾಗಿ, ಒಟ್ಟು ಮೇಲ್ಮೈ 6000 ಚದರ ಸೆಂ.ಮೀ. ಆಗುತ್ತದೆ. ಗಾಳಿಯಲ್ಲಿ ತೇಲುವ ಕಣಕ್ಕೆ ಸುತ್ತಲೂ ಆಕ್ಸಿಜನ್. ಒಂದು ಕಿಲೋಗ್ರಾಂ ಅಲ್ಯೂಮಿನಿಯಂ ಉರಿದರೆ 31 ಮೆಗಾಜೂಲ್ ಶಾಖ. ಇದು ಒಳ್ಳೆಯ ಕಲ್ಲಿದ್ದಲಿಗೆ ಸಮ. ಮುಚ್ಚಿದ ಕೋಣೆಯಲ್ಲೋ ಗಾಳಿ ಹೀರುವ ಕೊಳವೆಯಲ್ಲೋ ಧೂಳು ದಟ್ಟೈಸಿದಾಗ ಒಂದು ಕಿಡಿ ಸಾಕು. ನೀರು ಎರಚುವುದಂತೂ ಕೂಡದು. ಬಿಸಿ ಪುಡಿ ನೀರಿನೊಡನೆ ವರ್ತಿಸಿ ಹೈಡ್ರೊಜನ್ ಬಿಡುತ್ತದೆ.

ಇದು ಬರೀ ಪಠ್ಯದ ಮಾತಲ್ಲ. 2011ರ ಮೇ 20ರಂದು ಚೀನಾದ ಚೆಂಗ್ಡು ನಗರದ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ, ಐಪ್ಯಾಡ್ ಕವಚಗಳಿಗೆ ಹೊಳಪು ಕೊಡುತ್ತಿದ್ದ ವಿಭಾಗದಲ್ಲಿ ಸ್ಫೋಟವಾಯಿತು. 4 ಮಂದಿ ಸತ್ತರು, 18 ಮಂದಿ ಗಾಯಗೊಂಡರು. ಏಳು ತಿಂಗಳಲ್ಲೇ, ಅದೇ ಡಿಸೆಂಬರಿನಲ್ಲಿ, ಆಪಲ್‌ಗೆ ಸರಬರಾಜು ಮಾಡುತ್ತಿದ್ದ ಶಾಂಘಾಯ್‌ನ ರಿ-ಟೆಂಗ್ ಕಾರ್ಖಾನೆಯಲ್ಲಿ ಧೂಳು ಸಿಡಿದು 59 ಮಂದಿ ಗಾಯಗೊಂಡರು. ಎರಡೂ ಘಟನೆಗಳ ಅಂಕಿಗಳು ಆಪಲ್‌ನದೇ ವರದಿಯಲ್ಲಿ ಇವೆ. 2014ರ ಆಗಸ್ಟ್‌ನಲ್ಲಿ ಕುನ್‌ಶಾನ್‌ನ ಕಾರು ಚಕ್ರಗಳ ಕಾರ್ಖಾನೆಯಲ್ಲಿ ಇದೇ ಬಗೆಯ ಧೂಳು 146 ಜನರನ್ನು ಬಲಿ ತೆಗೆದುಕೊಂಡಿತು. ಪರಿಹಾರ ಗೂಢವೇನಲ್ಲ: ಧೂಳನ್ನು ಹುಟ್ಟಿದಲ್ಲೇ ಹೀರಿ ನೀರಿನಲ್ಲಿ ಮುಳುಗಿಸುವುದು, ಕೊಳವೆಗಳನ್ನು ದಿನವೂ ಶುಚಿಗೊಳಿಸುವುದು, ಯಂತ್ರಗಳಿಗೆ ಭೂಸಂಪರ್ಕ ಕೊಡುವುದು. ಮೊದಲ ಸ್ಫೋಟದ ಬಳಿಕ ಎರಡನೆಯದು ಏಳೇ ತಿಂಗಳಲ್ಲಿ ಆದದ್ದು ಜ್ಞಾನದ ಕೊರತೆಯಿಂದಲ್ಲ.

ದೂರದ ಊರಿನ ಕಥೆ ಎಂದು ಬಿಡುವಂತೆಯೂ ಇಲ್ಲ. ಬೆಂಗಳೂರಿನ ಮಗ್ಗುಲಿಗೇ ಇರುವ ಹೊಸೂರಿನ ಬಳಿ ಟಾಟಾ ಎಲೆಕ್ಟ್ರಾನಿಕ್ಸ್ ಐಫೋನ್ ಕವಚಗಳನ್ನು ತಯಾರಿಸುತ್ತಿದೆ. ಇಂಥ ಕೆಲಸಗಳಿಗೆ ಹೊರಡುವವರು ನಮ್ಮ ಐಟಿಐ, ಡಿಪ್ಲೊಮಾ ವಿದ್ಯಾರ್ಥಿಗಳೇ. ಧೂಳಿನ ರಸಾಯನಶಾಸ್ತ್ರ ಅವರಿಗೆ ಪರೀಕ್ಷೆಯ ಪ್ರಶ್ನೆಗಿಂತ ಹೆಚ್ಚಿನದು.

ಬೇರೆ ದಾರಿಗಳಿಲ್ಲವೇ? ಇವೆ, ಯಾವುದೂ ನಿಷ್ಕಳಂಕವಲ್ಲ. ಕರಗಿದ ಅಲ್ಯೂಮಿನಿಯಂ ಅನ್ನು ಅಚ್ಚಿಗೆ ಒತ್ತಿ ಎರಕ ಹೊಯ್ದರೆ ಚೂರು ತೀರ ಕಡಿಮೆ. ಆದರೆ ಸಲೀಸಾಗಿ ಹರಿಯಲೆಂದು ಅದಕ್ಕೆ ಶೇಕಡ 10ರಷ್ಟು ಸಿಲಿಕಾನ್ ಬೆರೆಸಬೇಕಾಗುತ್ತದೆ. ಆಮ್ಲದ್ರಾವಣದಲ್ಲಿ ವಿದ್ಯುತ್ ಹಾಯಿಸಿ ಆಕ್ಸೈಡ್ ಪದರ ಬೆಳೆಸುವ ಆನೋಡೀಕರಣದಲ್ಲಿ ಆ ಸಿಲಿಕಾನ್ ಬೂದು ಕಲೆಯಾಗಿ ನಿಲ್ಲುತ್ತದೆ, ಬಣ್ಣ ಸಮನಾಗಿ ಹಿಡಿಯುವುದಿಲ್ಲ. ಕೊರೆಯುವ ಪದ್ಧತಿಗೆ ಕಂಪನಿಗಳು ಅಂಟಿಕೊಂಡಿರುವುದರ ಹಿಂದೆ ಬಲಕ್ಕಿಂತ ಬಣ್ಣದ ಪಾತ್ರ ದೊಡ್ಡದು ಎನ್ನಬಹುದು. ಮೈಕ್ರೋಸಾಫ್ಟ್ 2012ರ ಸರ್ಫೇಸ್‌ನಲ್ಲಿ ಇನ್ನೂ ಹಗುರವಾದ ಮೆಗ್ನೀಸಿಯಂ ಮಿಶ್ರಲೋಹವನ್ನು ಅಚ್ಚಿನಲ್ಲಿ ಒತ್ತಿ, 0.65 ಮಿ.ಮೀ.ವರೆಗೆ ತೆಳುಗೊಳಿಸಿತು. ತುಕ್ಕು ಬೇಗ ಹಿಡಿಯುವ ಲೋಹವಾದ್ದರಿಂದ ಮೇಲೆ ಲೇಪ ಅನಿವಾರ್ಯ. ಮುಂದಿನ ವರ್ಷಗಳಲ್ಲಿ ಆ ಕಂಪನಿಯೂ ಅಲ್ಯೂಮಿನಿಯಂ ಕಡೆಗೆ ಹೊರಳಿತು. ಇನ್ನು ಶಾಲಾ ಮಕ್ಕಳ ಕೈಗೆ ಕೊಡುವ ಟ್ಯಾಬ್ಲೆಟ್‌ಗೆ ಪ್ಲಾಸ್ಟಿಕ್ ಕವಚವೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಬಿದ್ದರೆ ಬಾಗಿ ಮತ್ತೆ ನೆಟ್ಟಗಾಗುತ್ತದೆ, ಆಂಟೆನಾಕ್ಕೆ ಅಡ್ಡಿಯಿಲ್ಲ, ಬೆನ್ನಿಗೆ ಸ್ಕ್ರೂ ಹಾಕಿದರೆ ಬ್ಯಾಟರಿ ಬದಲಿಸುವುದೂ ಸುಲಭ. ಒಂದೇ ತುಂಡಿನ ಲೋಹದ ತಟ್ಟೆಗೆ ಇರುವುದು ಒಂದೇ ಬಾಯಿ, ಅದೂ ಪರದೆಯ ಕಡೆಗೆ. ಹಳೆಯದಾದ ಬ್ಯಾಟರಿ ತೆಗೆಯಬೇಕಾದರೆ ಅಂಟಿಸಿದ ಗಾಜನ್ನು ಬಿಸಿ ಮಾಡಿ ಎಬ್ಬಿಸಬೇಕು.

2024ರ 13 ಅಂಗುಲದ ಐಪ್ಯಾಡ್ ಪ್ರೊ ಇನ್ನೂ ತೆಳುವಾಗಿ 5.1 ಮಿ.ಮೀ.ಗೆ ಇಳಿಯಿತು. ಈ ಸಲ ಮುಖ್ಯ ಮಂಡಲಿಯನ್ನು ನಡುವಿಗೆ ತಂದು, ಅದರ ಮೇಲಿನ ಲೋಹದ ಮುಚ್ಚಳವೇ ಬೆನ್ನೆಲುಬಿನಂತೆ ಬಿಗಿ ಕೊಡುವ ಹಾಗೆ ಜೋಡಿಸಿದರು. ಚಾವಣಿಯ ತಗಡಿಗೆ ಏರಿಳಿತದ ಮಡಿಕೆ ಕೊಟ್ಟು ಬಾಗದಂತೆ ಮಾಡುವುದು ಇದೇ ತತ್ತ್ವದಿಂದ.